ಕೆರೆಯ ಅಂತರಗಂಗೆಗೆ ಕಳೆನಾಶಕ: ಸಿಂಪಡಿಸುವ ಮೊದಲು ತಿಳಿಯಬೇಕಾದ ಸಂಗತಿಗಳು

ಕೆರೆಯ ನೀರು ಕಾಣದಂತೆ ಹಬ್ಬಿದ ಅಂತರಗಂಗೆಯನ್ನು ತೋರಿಸಿ, ಒಂದು ಸಲ ಔಷಧಿ ಹೊಡೆದರೆ ಸಾಲದೇ ಎಂದು ರೈತ ಬಾಂಧವರು ಕೇಳುವುದುಂಟು. ಹೊಡೆದರೆ ಕಳೆ ಸಾಯುವುದು ನಿಜ. ಆದರೆ ಹೊಲದಲ್ಲಿ ಸತ್ತ ಕಳೆ ಒಣಗಿ ಮಣ್ಣು ಸೇರುತ್ತದೆ. ಕೆರೆಯಲ್ಲಿ ಸತ್ತ ಕಳೆ ನೀರಿನಲ್ಲಿಯೇ ಕೊಳೆಯುತ್ತದೆ. ಕೊಳೆಯುವಾಗ ನೀರಿನಲ್ಲಿ ಕರಗಿರುವ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ. ಇಡೀ ಕೆರೆಗೆ ಒಂದೇ ದಿನ ಸಿಂಪಡಿಸಿದರೆ ಕಳೆನಾಶಕದಿಂದ ಸಾಯದ ಮೀನೂ ಉಸಿರುಗಟ್ಟಿ ಸಾಯಬಹುದು. ಅದೇ ನೀರು ತೂಬಿನ ಮೂಲಕ ಅಚ್ಚುಕಟ್ಟಿಗೆ ಹರಿದರೆ ಟೊಮೆಟೊ, ಹತ್ತಿ, ದ್ವಿದಳ ಬೆಳೆಗಳಿಗೂ ಹಾನಿ ತಪ್ಪಿದ್ದಲ್ಲ. ಆದುದರಿಂದ ಯಾವ ಕಳೆನಾಶಕ ಎಂಬ ಪ್ರಶ್ನೆಗಿಂತ ಮೊದಲು, ಈ ಕೆರೆಯ ನೀರು ಯಾರ ಯಾರ ಉಪಯೋಗಕ್ಕೆ ಹೋಗುತ್ತದೆ, ಎಷ್ಟು ಭಾಗಕ್ಕೆ ಸಿಂಪಡಿಸಬೇಕು, ಸತ್ತ ಕಳೆಯನ್ನು ಏನು ಮಾಡಬೇಕು ಎಂಬ ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕು.

ಕಳೆಯ ಪರಿಚಯ

ಅಂತರಗಂಗೆ ಎಂಬ ಹೆಸರನ್ನು ನಮ್ಮಲ್ಲಿ ಒಂದಕ್ಕಿಂತ ಹೆಚ್ಚು ತೇಲುವ ಸಸ್ಯಗಳಿಗೆ ಬಳಸುತ್ತಾರೆ. ಇಲ್ಲಿ ವಿವರಿಸಿರುವುದು ಉಬ್ಬಿದ ತೊಟ್ಟು, ಹೊಳೆಯುವ ದುಂಡನೆಯ ಎಲೆ ಹಾಗೂ ತಿಳಿ ನೇರಳೆ ಬಣ್ಣದ ಹೂಗೊಂಚಲು ಇರುವ ಐಕಾರ್ನಿಯ ಕ್ರಾಸಿಪೆಸ್ ಎಂಬ ಕಳೆಯನ್ನು. ಇದರ ಮೂಲ ದಕ್ಷಿಣ ಅಮೆರಿಕದ ಅಮೆಜಾನ್ ಪ್ರದೇಶ. ಹೂವಿನ ಅಂದಕ್ಕೆ ಮರುಳಾಗಿ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಬಂಗಾಳಕ್ಕೆ ತಂದ ಈ ಸಸ್ಯ ಇಂದು ದೇಶದ ಬಹುತೇಕ ಕೆರೆ, ಕಾಲುವೆ, ನದಿಗಳಲ್ಲಿ ನೆಲೆಯೂರಿದೆ.

ತಾಯಿಗಿಡದಿಂದ ಹೊರಡುವ ಹಂಬುಗಳ ತುದಿಯಲ್ಲಿ ಮರಿಗಿಡಗಳು ಹುಟ್ಟುತ್ತವೆ. ಬಿಸಿಲು ಮತ್ತು ಪೋಷಕಾಂಶ ಧಾರಾಳವಾಗಿದ್ದಲ್ಲಿ ಒಂದೆರಡು ವಾರಗಳಲ್ಲಿಯೇ ಗಿಡಗಳ ಸಂಖ್ಯೆ ಇಮ್ಮಡಿಯಾಗಬಲ್ಲದು. ಇದಲ್ಲದೆ ಬೀಜಗಳು ತಳದ ಕೆಸರಿನಲ್ಲಿ ಹತ್ತಾರು ವರ್ಷ ಜೀವಂತವಾಗಿ ಉಳಿಯುತ್ತವೆ. ಒಮ್ಮೆ ಶುಚಿಗೊಳಿಸಿದ ಕೆರೆಯಲ್ಲಿ ಕಳೆ ಮತ್ತೆ ಕಾಣಿಸಿಕೊಳ್ಳುವುದಕ್ಕೆ ಇದೇ ಕಾರಣ. ಗಿಡದ ತೂಕದಲ್ಲಿ ಶೇ. 90ಕ್ಕೂ ಹೆಚ್ಚು ಭಾಗ ನೀರು. ದಟ್ಟವಾಗಿ ಬೆಳೆದಾಗ ಒಂದು ಹೆಕ್ಟೇರಿನಲ್ಲಿ ನೂರಾರು ಟನ್ ಹಸಿ ಕಳೆ ಇರುತ್ತದೆ. ಇಷ್ಟು ರಾಶಿ ಒಟ್ಟಿಗೆ ಕೊಳೆತರೆ ನೀರಿನ ಗತಿ ಏನಾದೀತು ಎಂಬುದನ್ನು ಊಹಿಸಬಹುದು.

ಕಳೆನಾಶಕ ಯಾವಾಗ ಬೇಡ?

ಕೆಳಗಿನ ಸಂದರ್ಭಗಳಲ್ಲಿ ಕಳೆನಾಶಕದ ಆಲೋಚನೆಯನ್ನು ಕೈಬಿಡುವುದು ಒಳಿತು.

1. ಕೆರೆಯ ನೀರನ್ನು ಜನರು ಕುಡಿಯಲು ಬಳಸುತ್ತಿದ್ದರೆ ಅಥವಾ ಕುಡಿಯುವ ನೀರಿನ ಬಾವಿ ಕೆರೆಯಂಗಳದಲ್ಲಿಯೇ ಇದ್ದರೆ.
2. ಜಾನುವಾರುಗಳಿಗೆ ಬೇರೆ ನೀರಿನ ಆಸರೆ ಇಲ್ಲದಿದ್ದರೆ.
3. ಕೋಡಿ ಹರಿಯುತ್ತಿದ್ದರೆ ಅಥವಾ ತೂಬನ್ನು ಮುಚ್ಚಲು ಸಾಧ್ಯವಿಲ್ಲದಿದ್ದರೆ.
4. ಕಳೆ ಕೆಲವೇ ಗುಂಟೆಗಳಷ್ಟಿದ್ದರೆ. ಇಂತಹ ಕಡೆ ಕೈಯಿಂದ ಎಳೆದು ದಡಕ್ಕೆ ಹಾಕುವುದೇ ಅಗ್ಗ ಹಾಗೂ ಸುರಕ್ಷಿತ.
5. ನೀರಿನೊಳಗೆ ಮುಳುಗಿ ಬೆಳೆಯುವ ಹೈಡ್ರಿಲ್ಲಾದಂತಹ ಕಳೆಯಿದ್ದರೆ. ಎಲೆಯ ಮೇಲೆ ಬಿದ್ದು ಕೆಲಸ ಮಾಡುವ ಕಳೆನಾಶಕ ಅದರ ಮೇಲೆ ನಿಲ್ಲದೆ ನೀರು ಸೇರುತ್ತದೆ.

ಕೆರೆ ಯಾರೊಬ್ಬರ ಸ್ವತ್ತೂ ಅಲ್ಲ. ರಾಜ್ಯದಲ್ಲಿ 40 ಹೆಕ್ಟೇರಿಗಿಂತ ಹೆಚ್ಚಿನ ಅಚ್ಚುಕಟ್ಟುಳ್ಳ ಕೆರೆಗಳು ಸಾಮಾನ್ಯವಾಗಿ ಸಣ್ಣ ನೀರಾವರಿ ಇಲಾಖೆಗೂ ಅದಕ್ಕಿಂತ ಚಿಕ್ಕವು ಪಂಚಾಯತಿ ವ್ಯವಸ್ಥೆಗೂ ಸೇರುತ್ತವೆ. ಸಂಬಂಧಪಟ್ಟ ಕಚೇರಿಯಿಂದ ಲಿಖಿತ ಅನುಮತಿ ಪಡೆಯಬೇಕು. ಮೀನು ಸಾಕಣೆಗೆ ಗುತ್ತಿಗೆ ಪಡೆದವರು, ಅಚ್ಚುಕಟ್ಟಿನ ರೈತರು, ದನಕರು ಮೇಯಿಸುವವರು, ಬಟ್ಟೆ ಒಗೆಯುವವರು, ನೀರುಗಂಟಿ ಇವರೆಲ್ಲರನ್ನೂ ಕೂಡಿಸಿ ದಿನಾಂಕ ನಿರ್ಧರಿಸಿ, ಊರಿನಲ್ಲಿ ಡಂಗುರ ಸಾರಿಸಬೇಕು. ವಿಸ್ತರಣಾ ಕಾರ್ಯಕರ್ತರು ಈ ಸಭೆಯನ್ನು ತಪ್ಪಿಸಬಾರದು. ಮೀನು ಸತ್ತ ಮೇಲೆ ನಡೆಯುವ ಪಂಚಾಯತಿಗಿಂತ ಸಿಂಪರಣೆಗೆ ಮೊದಲು ನಡೆಯುವ ಪಂಚಾಯತಿ ಮೇಲು.

ಕಳೆನಾಶಕಗಳ ಗುಣಧರ್ಮ

2,4-ಡಿ: ಇದು ಅಗಲ ಎಲೆಯ ಸಸ್ಯಗಳೊಳಗೆ ಬೆಳವಣಿಗೆಯ ಹಾರ್ಮೋನಿನಂತೆ ವರ್ತಿಸಿ, ಅಳತೆಗೆಟ್ಟ ಬೆಳವಣಿಗೆಯಿಂದ ಗಿಡವನ್ನು ಸಾಯಿಸುತ್ತದೆ. ಸಿಂಪಡಿಸಿದ ಒಂದೆರಡು ದಿನಗಳಲ್ಲಿ ಎಲೆತೊಟ್ಟುಗಳು ತಿರುಚಿಕೊಳ್ಳುತ್ತವೆ. ಮೂರು ನಾಲ್ಕು ವಾರಗಳಲ್ಲಿ ಗಿಡ ಕೊಳೆತು ಮುಳುಗುತ್ತದೆ. ಅಂತರಗಂಗೆಯ ಮೇಲೆ ದೀರ್ಘ ಕಾಲದಿಂದ ಬಳಕೆಯಲ್ಲಿರುವ ಕಳೆನಾಶಕ ಇದು. ಇದರ ಎಸ್ಟರ್ ರೂಪ ಆವಿಯಾಗಿ ಪಕ್ಕದ ಬೆಳೆಗಳಿಗೆ ತಗಲುತ್ತದೆ, ಮೀನಿಗೂ ಹೆಚ್ಚು ವಿಷಕಾರಿ. ಆದುದರಿಂದ ಕೆರೆಯಲ್ಲಿ ಎಸ್ಟರ್ ರೂಪವನ್ನು ಬಳಸಬಾರದು. ಅಮೈನ್ ಲವಣ ರೂಪವನ್ನೇ ಆಯ್ದುಕೊಳ್ಳಬೇಕು.

ಗ್ಲೈಫೋಸೇಟ್: ಹಸಿರು ಎಲೆಯ ಮೂಲಕ ಒಳಸೇರಿ ಬೇರಿನವರೆಗೆ ಸಾಗುತ್ತದೆ. ಪರಿಣಾಮ ಕಾಣಲು ಒಂದೆರಡು ವಾರ ಬೇಕು. ಕೆಲವು ತಯಾರಿಕೆಗಳಲ್ಲಿ ಬೆರೆಸಿರುವ ಅಂಟು ದ್ರಾವಣ ಮೀನು ಮತ್ತು ಕಪ್ಪೆಮರಿಗಳಿಗೆ ಗ್ಲೈಫೋಸೇಟ್‌ಗಿಂತಲೂ ಹೆಚ್ಚು ಅಪಾಯಕಾರಿ. ಇದರ ಬಳಕೆಯನ್ನು ಪರವಾನಗಿ ಪಡೆದ ಕೀಟ ನಿಯಂತ್ರಣ ನಿರ್ವಾಹಕರಿಗೆ ಸೀಮಿತಗೊಳಿಸಿ ಕೇಂದ್ರ ಸರ್ಕಾರವು 2022ರ ಅಕ್ಟೋಬರ್‌ನಲ್ಲಿ ಅಧಿಸೂಚನೆ ಹೊರಡಿಸಿದೆ. ಹಾಲಿ ಜಾರಿಯಲ್ಲಿರುವ ನಿಯಮವನ್ನು ಸಹಾಯಕ ಕೃಷಿ ನಿರ್ದೇಶಕರ ಕಚೇರಿಯಲ್ಲಿ ವಿಚಾರಿಸದೆ ಖರೀದಿಸಬಾರದು.

ಪ್ಯಾರಾಕ್ವಾಟ್: ತಗುಲಿದ ಎಲೆಯನ್ನು ಬಹುಬೇಗ ಸುಡುತ್ತದೆ. ಆದರೆ ಮನುಷ್ಯರ ಹೊಟ್ಟೆ ಸೇರಿದರೆ ಇದಕ್ಕೆ ಪ್ರತಿವಿಷವಿಲ್ಲ. ಜನ, ದನ ಓಡಾಡುವ ಕೆರೆಯಂಗಳದಲ್ಲಿ ಇದನ್ನು ಬಳಸದಿರುವುದೇ ಕ್ಷೇಮ.

ಯಾವುದೇ ಕಳೆನಾಶಕವಾದರೂ ಅದರ ಲೇಬಲ್ ಮತ್ತು ಜೊತೆಯ ಕರಪತ್ರದಲ್ಲಿ ಜಲಕಳೆಗೆ ಬಳಸಬಹುದೆಂದು ಸ್ಪಷ್ಟವಾಗಿ ನಮೂದಾಗಿದ್ದರೆ ಮಾತ್ರ ಉಪಯೋಗಿಸಬೇಕು. ಹೊಲಕ್ಕೆ ಶಿಫಾರಸಾದದ್ದನ್ನು ಅಂಗಡಿಯವರ ಮಾತಿನ ಮೇಲೆ ಕೆರೆಗೆ ಸುರಿಯಬಾರದು.

ಭಾಗ ಭಾಗವಾಗಿ ಸಿಂಪಡಿಸಿರಿ

ಬೆಚ್ಚಗಿನ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರ್ ನೀರು ಸುಮಾರು 8 ಮಿ.ಗ್ರಾಂ ಆಮ್ಲಜನಕವನ್ನು ಹಿಡಿದಿಡಬಲ್ಲದು. ಬಿಸಿಯೇರಿದಂತೆ ಈ ಪ್ರಮಾಣ ಇಳಿಯುತ್ತದೆ. ಲೀಟರಿಗೆ 3 ಮಿ.ಗ್ರಾಂಗಿಂತ ಕೆಳಗಿಳಿದರೆ ಕಾಟ್ಲಾ, ರೋಹುಗಳಂತಹ ಮೀನುಗಳಿಗೆ ಸಂಕಟ ಆರಂಭವಾಗುತ್ತದೆ. ದಟ್ಟ ಕಳೆಯ ಕೆಳಗೆ ಬೆಳಕು ಬೀಳದೆ ಆಮ್ಲಜನಕ ಮೊದಲೇ ಕಡಿಮೆಯಿರುತ್ತದೆ. ಆದುದರಿಂದ ಏಪ್ರಿಲ್ ಮತ್ತು ಮೇ ತಿಂಗಳ ಸಿಂಪರಣೆ ಅತ್ಯಂತ ಅಪಾಯಕರ. ಮಳೆಗಾಲ ಕಳೆದು ಕೋಡಿ ಹರಿಯುವುದು ನಿಂತ ಮೇಲೆ, ಗಿಡ ಎಳೆಯದಾಗಿ, ಹೂ ಬಿಡುವ ಮೊದಲೇ ಸಿಂಪಡಿಸುವುದು ಸೂಕ್ತ.

ಒಂದು ಸಲಕ್ಕೆ ಕಳೆ ಆವರಿಸಿದ ಪ್ರದೇಶದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಸಿಂಪಡಿಸಬಾರದು. ಆಳ ಕಡಿಮೆಯಿರುವ, ಮೀನು ಹೆಚ್ಚಿರುವ ಕೆರೆಯಾದರೆ ನಾಲ್ಕನೆಯ ಒಂದು ಭಾಗ ಸಾಕು. ದಡದಿಂದ ಆರಂಭಿಸಿ ತೆರೆದ ನೀರಿನ ಕಡೆಗೆ ಸಾಗಿದರೆ ಮೀನುಗಳಿಗೆ ಸರಿದುಹೋಗಲು ದಾರಿ ಸಿಗುತ್ತದೆ. ಕಳೆ ಗಾಳಿಗೆ ತೇಲಿ ಕಲಸಿಹೋಗದಂತೆ ಬಿದಿರುಗಳ ಹಾಗೂ ಹಗ್ಗದಿಂದ ಭಾಗಗಳನ್ನು ಬೇರ್ಪಡಿಸಬೇಕು. ಎರಡು ಸಿಂಪರಣೆಗಳ ನಡುವೆ ಕನಿಷ್ಠ ಮೂರು ವಾರಗಳ ಅಂತರವಿರಲಿ. ಮೊದಲ ಭಾಗದ ಸತ್ತ ಕಳೆಯನ್ನು ಹೊರತೆಗೆಯದೆ ಎರಡನೆಯ ಭಾಗಕ್ಕೆ ಕೈಹಾಕಬಾರದು.

ಪ್ರಮಾಣದ ಲೆಕ್ಕ

ಹತ್ತು ಎಕರೆ ಕೆರೆಯಲ್ಲಿ ಆರು ಎಕರೆಯಷ್ಟು ಕಳೆಯಿದೆ ಎಂದುಕೊಳ್ಳೋಣ. ಒಂದು ಸಲಕ್ಕೆ ಸಿಂಪಡಿಸಬೇಕಾದದ್ದು 2 ಎಕರೆ, ಅಂದರೆ 80 ಗುಂಟೆ. ಹೆಕ್ಟೇರಿಗೆ 500 ಲೀಟರ್ ಸಿಂಪರಣಾ ದ್ರಾವಣ ಎಂದರೆ ಗುಂಟೆಗೆ ಸುಮಾರು 5 ಲೀಟರ್. 80 ಗುಂಟೆಗೆ 400 ಲೀಟರ್. 16 ಲೀಟರ್ ಸಾಮರ್ಥ್ಯದ ಬೆನ್ನಿನ ಸಿಂಪರಣಾ ಯಂತ್ರದಲ್ಲಿ ಇದು 25 ಟ್ಯಾಂಕ್ ಆಗುತ್ತದೆ. ಲೇಬಲ್‌ನಲ್ಲಿ ಹೆಕ್ಟೇರಿಗೆ 2 ಲೀಟರ್ ಎಂದು ನಮೂದಾಗಿದ್ದರೆ ಲೀಟರ್ ನೀರಿಗೆ 4 ಮಿ.ಲೀ., ಪ್ರತಿ ಟ್ಯಾಂಕಿಗೆ 64 ಮಿ.ಲೀ. ಬೇಕು. ಈ 2 ಲೀಟರ್ ಎಂಬುದು ಲೆಕ್ಕ ತೋರಿಸಲು ಕೊಟ್ಟ ಉದಾಹರಣೆಯೇ ಹೊರತು ಶಿಫಾರಸಲ್ಲ. ನಿಮ್ಮ ಕೈಯಲ್ಲಿರುವ ಡಬ್ಬಿಯ ಲೇಬಲ್ ಹೇಳುವ ಪ್ರಮಾಣವನ್ನೇ ಈ ಕ್ರಮದಲ್ಲಿ ಲೆಕ್ಕ ಹಾಕಿರಿ. ಹೆಚ್ಚು ಹಾಕಿದರೆ ಎಲೆ ಬೇಗ ಸುಟ್ಟು ಔಷಧಿ ಬೇರಿನವರೆಗೆ ಇಳಿಯದೆ ಗಿಡ ಮತ್ತೆ ಚಿಗುರುವ ಸಂಭವವಿದೆ.

ಸಿಂಪಡಿಸುವಾಗ

ಗಾಳಿ ಮಂದವಾಗಿರುವ ಬೆಳಗಿನ ಹೊತ್ತನ್ನು ಆರಿಸಿಕೊಳ್ಳಬೇಕು. ಮುಂದಿನ ಆರು ಗಂಟೆಗಳಲ್ಲಿ ಮಳೆಯ ಸೂಚನೆ ಇರಬಾರದು. ದಪ್ಪ ಹನಿ ಕೊಡುವ ನಾಜಲ್ ಬಳಸಿ, ಕಡಿಮೆ ಒತ್ತಡದಲ್ಲಿ, ಎಲೆ ತೋಯುವಷ್ಟು ಮಾತ್ರ ಸಿಂಪಡಿಸಬೇಕು. ಎಲೆಯಿಂದ ದ್ರಾವಣ ತೊಟ್ಟಿಕ್ಕಬಾರದು. ಗಾಳಿ ಬೀಸುವ ದಿಕ್ಕಿನಲ್ಲಿ ಹತ್ತಿ, ಟೊಮೆಟೊ, ದ್ರಾಕ್ಷಿ, ಬದನೆ ಅಥವಾ ದ್ವಿದಳ ಬೆಳೆಗಳಿದ್ದರೆ ಆ ದಿನ ಸಿಂಪರಣೆ ಬೇಡ. 2,4-ಡಿಯ ತೂರು ಹನಿಗಳೇ ಈ ಬೆಳೆಗಳ ಎಲೆ ಮುರುಟಿಸಲು ಸಾಕು.

ರಬ್ಬರ್ ಕೈಗವಸು, ಕಣ್ಣಿಗೆ ರಕ್ಷಾ ಕನ್ನಡಕ, ಮುಖಗವಸು, ತುಂಬುತೋಳಿನ ಅಂಗಿ ಕಡ್ಡಾಯ. ಅಮೈನ್ ಲವಣ ಕಣ್ಣಿಗೆ ಸಿಡಿದರೆ ತೀವ್ರ ಹಾನಿಯಾಗಬಲ್ಲದು; ಕೂಡಲೇ ಶುದ್ಧ ನೀರಿನಿಂದ ತೊಳೆದು, ಡಬ್ಬಿಯ ಲೇಬಲ್ ಸಹಿತ ವೈದ್ಯರ ಬಳಿಗೆ ಹೋಗಬೇಕು. ತೆಪ್ಪ ಅಥವಾ ಹರಿಗೋಲಿನಲ್ಲಿ ಸಿಂಪಡಿಸುವವರು ಜೀವರಕ್ಷಕ ಜಾಕೆಟ್ ಧರಿಸಬೇಕು, ಒಬ್ಬರೇ ಹೋಗಬಾರದು. ಕಳೆಯ ಹಾಸನ್ನು ಗಟ್ಟಿ ನೆಲವೆಂದು ಭ್ರಮಿಸಿ ಅದರ ಮೇಲೆ ಕಾಲಿಡಬಾರದು.

ಯಂತ್ರವನ್ನು ಕೆರೆಯಲ್ಲಿ ತೊಳೆಯಬಾರದು. 2,4-ಡಿಗೆ ಬಳಸಿದ ಯಂತ್ರವನ್ನು ಬೇರೆಯಾಗಿಯೇ ಇಡುವುದು ಉತ್ತಮ. ಅದರಲ್ಲಿ ಉಳಿದ ಅಂಶವೇ ಮುಂದೆ ನಿಮ್ಮ ಟೊಮೆಟೊ ತಾಕಿಗೆ ಮುಳುವಾಗಬಹುದು.

ಸಿಂಪರಣೆಯ ನಂತರ

ತೂಬು ಮುಚ್ಚಿರಲಿ. ಲೇಬಲ್‌ನಲ್ಲಿ ಹೇಳಿದ ಅವಧಿಯವರೆಗೆ, ಅಂತಹ ಸೂಚನೆ ಇಲ್ಲದಿದ್ದರೆ ಕನಿಷ್ಠ ಮೂರು ವಾರ, ನೀರನ್ನು ಬೆಳೆಗಳಿಗೆ ಬಿಡಬಾರದು. ಬಿಡುವ ಮೊದಲು ಕುಂಡದಲ್ಲಿ ಬೆಳೆಸಿದ ನಾಲ್ಕಾರು ಟೊಮೆಟೊ ಸಸಿಗಳಿಗೆ ಕೆರೆಯ ನೀರು ಹಾಕಿ ಒಂದು ವಾರ ಗಮನಿಸಿರಿ. ಚಿಗುರು ತಿರುಚಿಕೊಂಡರೆ ನೀರಿನಲ್ಲಿ ಕಳೆನಾಶಕದ ಅಂಶ ಇನ್ನೂ ಇದೆ ಎಂದು ತಿಳಿಯಬೇಕು. ಖರ್ಚಿಲ್ಲದ ಈ ಪರೀಕ್ಷೆ ಇಡೀ ಅಚ್ಚುಕಟ್ಟನ್ನು ಉಳಿಸಬಲ್ಲದು.

ಬಾಡಿದ ಕಳೆಯನ್ನು ಜಾನುವಾರು ಮೇಯದಂತೆ ಕಾಯಬೇಕು. ಪ್ರತಿ ದಿನ ನಸುಕಿನಲ್ಲಿ ಕೆರೆಯನ್ನು ನೋಡಿರಿ; ಆಮ್ಲಜನಕ ಅತ್ಯಂತ ಕಡಿಮೆಯಿರುವುದು ಆಗಲೇ. ಮೀನುಗಳು ಮೇಲ್ಮೈಗೆ ಬಂದು ಬಾಯಿ ತೆರೆಯುತ್ತಿದ್ದರೆ ಮುಂದಿನ ಸಿಂಪರಣೆ ನಿಲ್ಲಿಸಿ, ಪಂಪಿನಿಂದ ಕೆರೆಯ ನೀರನ್ನೇ ಎತ್ತಿ ಮತ್ತೆ ಕೆರೆಗೆ ಚಿಮ್ಮಿಸಿ ಗಾಳಿಯಾಡಿಸಬೇಕು. ಕಳೆ ಕಂದು ಬಣ್ಣಕ್ಕೆ ತಿರುಗಿದಾಗ, ಮುಳುಗುವ ಮುನ್ನವೇ ಎಳೆದು ನೀರಿನ ಮಟ್ಟಕ್ಕಿಂತ ಮೇಲೆ ಹಾಕಬೇಕು. ಸಿಂಪಡಿಸಿದ ಕಳೆಯಿಂದ ತಯಾರಿಸಿದ ಗೊಬ್ಬರವನ್ನು ತರಕಾರಿಗೆ ಬಳಸಬಾರದು. ಗೊಬ್ಬರ ಬೇಕಿದ್ದರೆ ಔಷಧಿ ತಾಗದ, ಚರಂಡಿ ನೀರು ಸೇರದ ಕೆರೆಯ ಕಳೆಯನ್ನು ಹೂ ಬಿಡುವ ಮೊದಲು ತೆಗೆದು ಬಳಸಿರಿ.

ಕಳೆ ಮರಳದಂತೆ

ಅಂತರಗಂಗೆಯ ನೈಸರ್ಗಿಕ ಶತ್ರುಗಳಾದ ನಿಯೋಕೆಟಿನಾ ಮೂತಿಹುಳುಗಳನ್ನು 1982ರಲ್ಲಿ ಭಾರತಕ್ಕೆ ತರಲಾಯಿತು. ಬೆಂಗಳೂರು ಸುತ್ತಮುತ್ತಲಿನ ಕೆರೆಗಳಲ್ಲಿ ಬಿಟ್ಟು ಪರೀಕ್ಷಿಸಲಾಯಿತು. ಎಲೆಯ ಮೇಲೆ ಸಣ್ಣ ಚೌಕಾಕಾರದ ಕೆರೆದ ಗುರುತುಗಳಿದ್ದರೆ ನಿಮ್ಮ ಕೆರೆಯಲ್ಲಿ ಈ ಹುಳುಗಳಿವೆ ಎಂದರ್ಥ. ಇವುಗಳಿಂದ ಫಲ ಕಾಣಲು ಕೆಲವು ವರ್ಷಗಳೇ ಬೇಕು. ಆದರೆ ಎಲ್ಲ ಕಳೆಯನ್ನೂ ಒಮ್ಮೆಗೆ ಕೊಂದರೆ ಹುಳುಗಳೂ ಆಹಾರವಿಲ್ಲದೆ ಅಳಿಯುತ್ತವೆ. ಆದುದರಿಂದ ಒಂದು ಮೂಲೆಯಲ್ಲಿ ಕಳೆಯ ಸಣ್ಣ ಪಟ್ಟಿಯನ್ನು ಹಗ್ಗ ಕಟ್ಟಿ, ಸಿಂಪಡಿಸದೆ ಉಳಿಸಬೇಕು. ಹುಳುಗಳ ಬಗೆಗಿನ ಮಾಹಿತಿಗೆ ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊವನ್ನು ಸಂಪರ್ಕಿಸಬಹುದು.

ಎಲ್ಲಕ್ಕಿಂತ ಮಿಗಿಲಾಗಿ, ಕಳೆಯನ್ನು ಸಾಕುತ್ತಿರುವುದು ಕೆರೆಗೆ ಸೇರುವ ಚರಂಡಿ ನೀರು ಹಾಗೂ ಹೊಲಗಳಿಂದ ಕೊಚ್ಚಿಬರುವ ಗೊಬ್ಬರ. ಬೆಳ್ಳಂದೂರು, ವರ್ತೂರು ಕೆರೆಗಳು ಇದಕ್ಕೆ ಕಣ್ಣೆದುರಿನ ನಿದರ್ಶನ. ಈ ಒಳಹರಿವನ್ನು ತಡೆಯದೆ ಹೊಡೆದ ಔಷಧಿಯ ಫಲ ಬಹುಕಾಲ ಉಳಿಯುವುದಿಲ್ಲ. ಶುಚಿಯಾದ ಕೆರೆಯನ್ನು ಹದಿನೈದು ದಿನಗಳಿಗೊಮ್ಮೆ ಸುತ್ತಿ, ಕಂಡ ಮರಿಗಿಡಗಳನ್ನು ಕಿತ್ತು ಹಾಕುವ ಹೊಣೆಯನ್ನು ನೀರುಗಂಟಿ ಅಥವಾ ಕೆರೆ ಬಳಕೆದಾರರ ಸಂಘ ವಹಿಸಿಕೊಂಡರೆ ಮತ್ತೆ ಕಳೆನಾಶಕ ಕೊಳ್ಳುವ ಪ್ರಮೇಯವೇ ಬಾರದಿರಬಹುದು.

ನಿಮ್ಮ ಕೆರೆಯ ವಿಸ್ತೀರ್ಣ, ಕಳೆಯ ವ್ಯಾಪ್ತಿ, ನೀರಿನ ಉಪಯೋಗ ಹಾಗೂ ಅಚ್ಚುಕಟ್ಟಿನ ಬೆಳೆಗಳ ವಿವರವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ಕಳೆಯ ಒಂದು ಗಿಡವನ್ನೂ ಜೊತೆಗೆ ತೆಗೆದುಕೊಂಡು, ಸಮೀಪದ ಕೃಷಿ ವಿಜ್ಞಾನ ಕೇಂದ್ರ ಅಥವಾ ರೈತ ಸಂಪರ್ಕ ಕೇಂದ್ರಕ್ಕೆ ಭೇಟಿ ನೀಡಿರಿ. ಔಷಧಿ ಕೊಳ್ಳುವುದು ಆನಂತರದ ಮಾತು.