ಏರುದಾರಿಯ ಹಿರಿಯ ಹೆಜ್ಜೆ

ಕುಂದಗೋಳ ತಾಲೂಕಿನ ಕುಬಿಹಾಳ ಹಾಗೂ ಅದರ ಸುತ್ತಲಿನ ಊರುಗಳು ಎರೆಭೂಮಿಯ ಬಯಲಿನಲ್ಲಿದ್ದು, ಹತ್ತಿ, ಮೆಣಸಿನಕಾಯಿ, ಹೆಸರು, ಕಡಲೆ ಬೆಳೆಯುವ ಈ ಸೀಮೆಯ ಜನರಿಗೆ ಗುಡ್ಡವೆಂದರೆ ಹರಕೆ ಹೊತ್ತು ದೂರದಿಂದ ನಡೆದು ಹೋಗಿ ಹತ್ತುವ ಕ್ಷೇತ್ರ. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋಗುವವರಲ್ಲಿ, ಯುಗಾದಿಯ ಹೊತ್ತಿಗೆ ಶ್ರೀಶೈಲ ಮುಟ್ಟುವಂತೆ ದಿನಗಟ್ಟಲೆ ನಡೆಯುವ ಉತ್ತರ ಕರ್ನಾಟಕದ ಪಾದಯಾತ್ರಿಕರಲ್ಲಿ ಅರವತ್ತು ದಾಟಿದವರು ಎಂದಿನಿಂದಲೂ ಇದ್ದಾರೆ. ನಲ್ಲಮಲ ಅರಣ್ಯದ ಭೀಮನಕೊಳ್ಳದ ಕಡಿದಾದ ಏರನ್ನು ಹತ್ತಿ ಕೈಲಾಸದ್ವಾರ ತಲುಪುವ ಆ ಹಿರಿಯರ ನಡಿಗೆಯಲ್ಲಿ, ಇಂದು ಗುಡ್ಡದ ಓಟವೆಂದು ಕರೆಯಲಾಗುವ ಕ್ರೀಡೆಗೆ ಬೇಕಾದ ಕಸುವಿನ ಬಹುಪಾಲು ಅಡಗಿದೆ. ಆ ಕ್ರೀಡೆಯಲ್ಲಿ ಪಾಲ್ಗೊಳ್ಳುವ ಹಿರಿಯರ ಚಿತ್ರ ತೆಗೆಯುವುದು ಛಾಯಾಗ್ರಹಣದೊಳಗಿನ ಒಂದು ಪ್ರತ್ಯೇಕ ವಿದ್ಯೆಯಾಗಿದ್ದು, ವಯಸ್ಸಾದ ದೇಹವು ಏರನ್ನು ಹೇಗೆ ಏರುತ್ತದೆ, ಇಳಿಜಾರನ್ನು ಹೇಗೆ ಇಳಿಯುತ್ತದೆ ಎಂಬ ತಿಳಿವಳಿಕೆ ಇಲ್ಲದವರಿಗೆ ಅದು ದಕ್ಕುವುದಿಲ್ಲ.

ಗುಡ್ಡದ ಓಟವೆಂದರೆ ಡಾಂಬರು ರಸ್ತೆಯನ್ನು ಬಿಟ್ಟು, ಕಲ್ಲು, ಬೇರು, ಕೆಸರು, ಹುಲ್ಲುಗಾವಲುಗಳ ಕಾಲುದಾರಿಯಲ್ಲಿ ಏರಿ ಇಳಿಯುವ ಸ್ಪರ್ಧೆಯಾಗಿದ್ದು, ಇದರಲ್ಲಿ ದೂರದಷ್ಟೇ ಮುಖ್ಯವಾದ ಇನ್ನೊಂದು ಅಳತೆಯೆಂದರೆ ಓಟಗಾರನು ಒಟ್ಟು ಎಷ್ಟು ಮೀಟರು ಎತ್ತರ ಏರಿದನೆಂಬುದು. ಕರ್ನಾಟಕದಲ್ಲಿ ಇಂಥ ಓಟಗಳಿಗೆ ತಕ್ಕ ನೆಲ ಪಶ್ಚಿಮ ಘಟ್ಟದಲ್ಲಿದೆ. ಸುಮಾರು 1,930 ಮೀಟರು ಎತ್ತರದ ಮುಳ್ಳಯ್ಯನಗಿರಿ ಇರುವ ಚಿಕ್ಕಮಗಳೂರು ಜಿಲ್ಲೆಯ ಕಾಫಿ ತೋಟಗಳ ನಡುವೆ ನಡೆಯುವ ‘ಮಲ್ನಾಡ್ ಅಲ್ಟ್ರಾ’ ಇವುಗಳಲ್ಲಿ ಹೆಸರಾದದ್ದು. ಮ್ಯಾರಥಾನಿನ 42.195 ಕಿಲೋಮೀಟರನ್ನು ಮೀರಿದ ಓಟಕ್ಕೆ ‘ಅಲ್ಟ್ರಾ’ ಎನ್ನುವ ರೂಢಿಯಿದೆ. ಹಿರಿಯರ ಅಥ್ಲೆಟಿಕ್ಸ್ ಅನ್ನು ‘ಮಾಸ್ಟರ್ಸ್’ ಎಂದು ಕರೆಯುತ್ತಾರೆ. ಅದರ ಮೊದಲ ವಿಶ್ವ ಕೂಟ 1975ರಲ್ಲಿ ಟೊರಾಂಟೊದಲ್ಲಿ ನಡೆಯಿತು. ಈಗ 35 ವರ್ಷದಿಂದ ಆರಂಭಿಸಿ ಐದೈದು ವರ್ಷಕ್ಕೊಂದು ವಯೋವರ್ಗ ಮಾಡಿ, ಅರವತ್ತರವರು ಅರವತ್ತರ ಆಸುಪಾಸಿನವರೊಡನೆ, ಎಪ್ಪತ್ತರವರು ಎಪ್ಪತ್ತರವರೊಡನೆ ಸ್ಪರ್ಧಿಸುವ ವ್ಯವಸ್ಥೆ ರೂಢಿಯಲ್ಲಿದೆ.

ಗುಡ್ಡದ ಓಟದಲ್ಲಿ ಹಿರಿಯರು ಕೇವಲ ಪಾಲ್ಗೊಳ್ಳುವವರಾಗಿ ಉಳಿದಿಲ್ಲ ಎಂಬುದಕ್ಕೆ ಇತಿಹಾಸದಲ್ಲಿ ಗಟ್ಟಿ ಸಾಕ್ಷ್ಯಗಳಿವೆ. ಇಟಲಿಯ ಮಾರ್ಕೊ ಓಲ್ಮೊ ಅವರು ಮೊಂಬ್ಲಾಂ ಪರ್ವತವನ್ನು ಸುತ್ತುವ, ಸುಮಾರು 160 ಕಿಲೋಮೀಟರಿನ ಓಟವನ್ನು 2006ರಲ್ಲಿ ಗೆದ್ದು, 2007ರಲ್ಲಿ 58ನೆಯ ವಯಸ್ಸಿನಲ್ಲಿ ಮತ್ತೆ ಗೆದ್ದರು. ಇಂಗ್ಲೆಂಡಿನ ಸರೋವರ ಸೀಮೆಯಲ್ಲಿ ಕುರಿ ಸಾಕಿ ಬದುಕಿದ ರೈತ ಜಾಸ್ ನೇಲರ್ ತಮ್ಮ 70ನೆಯ ವಯಸ್ಸಿನಲ್ಲಿ, ಒಂದು ಹಗಲು ಒಂದು ರಾತ್ರಿಯೊಳಗೆ, 70 ಶಿಖರಗಳನ್ನು ಓಡಿ ಮುಗಿಸಿದರು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1905ರಿಂದ ನಡೆಯುತ್ತ ಬಂದಿರುವ ‘ಡಿಪ್ಸಿ’ ಓಟದಲ್ಲಿ ವಯಸ್ಸಾದವರನ್ನು ಕೆಲವು ನಿಮಿಷ ಮೊದಲೇ ಬಿಡುವ ಪದ್ಧತಿಯಿದ್ದು, ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳಿರುವ ಆ ದಾರಿಯನ್ನು ಜ್ಯಾಕ್ ಕರ್ಕ್ ಎಂಬವರು 95ನೆಯ ವಯಸ್ಸಿನವರೆಗೂ ಕ್ರಮಿಸಿದರು. ಸಾವಿರ ಮೆಟ್ಟಿಲುಗಳ ಚಾಮುಂಡಿ ಬೆಟ್ಟವನ್ನು ಬೆಳಗಿನ ಜಾವ ಹತ್ತುವ ಮೈಸೂರಿನ ಹಿರಿಯರನ್ನು ಕಂಡವರಿಗೆ ಈ ಸಾಧನೆ ತೀರ ಪರಕೀಯವೆನಿಸಲಾರದು.

ವಯಸ್ಸಾದ ದೇಹದ ಓಟವು ಯುವಕರ ಓಟದ ನಿಧಾನಗತಿಯ ರೂಪವಾಗಿರದೆ, ಬೇರೆಯದೇ ಒಂದು ಕ್ರಮವಾಗಿದೆ. ನಡಿಗೆಯಲ್ಲಿ ಒಂದಲ್ಲ ಒಂದು ಪಾದ ಸದಾ ನೆಲದ ಮೇಲಿರುತ್ತದೆ, ಓಟದಲ್ಲಿ ಎರಡೂ ಪಾದಗಳು ನೆಲ ಬಿಟ್ಟಿರುವ ಕ್ಷಣವೊಂದು ಬರುತ್ತದೆ. ವಯಸ್ಸು ಹೆಚ್ಚಿದಂತೆ ಹೆಜ್ಜೆ ಚಿಕ್ಕದಾಗಿ, ಪಾದ ನೆಲದ ಮೇಲೆ ಇರುವ ಕಾಲ ಹೆಚ್ಚಿ, ಗಾಳಿಯಲ್ಲಿರುವ ಆ ಕ್ಷಣ ಕಿರಿದಾಗುತ್ತದೆ. ಮೀನಖಂಡ ಮತ್ತು ಹಿಮ್ಮಡಿಯ ಹಿಂದಿನ ನರದಂಥ ಗಟ್ಟಿ ಪಟ್ಟಿ ಕೊಡುವ ನೂಕುಬಲ ತಗ್ಗುವುದರಿಂದ ಕೆಲಸದ ಹೊರೆ ಸೊಂಟದ ಸುತ್ತಲಿನ ಸ್ನಾಯುಗಳ ಮೇಲೆ ಬೀಳುತ್ತದೆ. ಏರು ಬಹಳ ಕಡಿದಾದಾಗ ಓಡುವುದಕ್ಕಿಂತ ಬಿರುಸಾಗಿ ನಡೆಯುವುದರಲ್ಲೇ ಶಕ್ತಿ ಉಳಿಯುತ್ತದೆಂಬುದನ್ನು ಅನುಭವಿಗಳು ಬಲ್ಲರು. ಆಗ ಅವರು ಮೈಯನ್ನು ಮುಂದಕ್ಕೆ ಬಾಗಿಸಿ, ಅಂಗೈಯನ್ನು ಮೊಣಕಾಲಿನ ಮೇಲ್ಭಾಗಕ್ಕೆ ಊರಿ, ಒಂದೊಂದು ಹೆಜ್ಜೆಗೂ ತೊಡೆಯನ್ನು ಕೈಯಿಂದ ಒತ್ತಿ ಏರುತ್ತಾರೆ. ಇಳಿಜಾರಿನಲ್ಲಿ ತೊಡೆಯ ಮುಂಭಾಗದ ಸ್ನಾಯುಗಳು ಉದ್ದವಾಗುತ್ತಲೇ ಬಿಗಿ ಹಿಡಿದು ದೇಹದ ಭಾರಕ್ಕೆ ಕಡಿವಾಣ ಹಾಕಬೇಕಾಗುವುದರಿಂದ ದಣಿವು ಮತ್ತು ನೋವು ಅಲ್ಲಿಯೇ ಹೆಚ್ಚು, ಬೀಳುವ ಅಪಾಯವೂ ಅಲ್ಲಿಯೇ ಹೆಚ್ಚು.

ಈ ವ್ಯತ್ಯಾಸವನ್ನು ಅರಿಯದ ಛಾಯಾಗ್ರಾಹಕರು ಯುವಕರ ಚಿತ್ರದ ಅಚ್ಚನ್ನೇ ಹಿರಿಯರ ಮೇಲೂ ಒತ್ತುತ್ತಾರೆ. ಓಟದ ಚಿತ್ರವೆಂದರೆ ಎರಡೂ ಕಾಲು ಗಾಳಿಯಲ್ಲಿರಬೇಕೆಂಬ ನಂಬಿಕೆಗೆ ಹಳೆಯ ಬೇರಿದೆ: 1878ರಲ್ಲಿ ಎಡ್ವರ್ಡ್ ಮೈಬ್ರಿಜ್ ಅವರು ಕ್ಯಾಲಿಫೋರ್ನಿಯಾದಲ್ಲಿ ಸಾಲಾಗಿ ಇಟ್ಟ ಕ್ಯಾಮೆರಾಗಳಿಂದ ಓಡುವ ಕುದುರೆಯ ಚಿತ್ರಗಳನ್ನು ತೆಗೆದು, ಅದರ ನಾಲ್ಕೂ ಗೊರಸುಗಳು ಒಮ್ಮೆಗೇ ನೆಲ ಬಿಟ್ಟಿರುವ ಕ್ಷಣವುಂಟೆಂದು ತೋರಿಸಿದಂದಿನಿಂದ, ಬರಿಗಣ್ಣಿಗೆ ಕಾಣದ ಆ ಹಾರುವ ಗಳಿಗೆಯೇ ವೇಗದ ಚಿಹ್ನೆಯೆನಿಸಿತು. ಎಪ್ಪತ್ತರ ಓಟಗಾರನಲ್ಲಿ ಅದನ್ನೇ ಹುಡುಕುವವರಿಗೆ ಸಿಗುವುದು ಸೋತಂತೆ ಕಾಣುವ ಚಿತ್ರ, ಆ ಓಟಗಾರನು ಸೋಲದಿದ್ದರೂ. ಹಿರಿಯರ ಕೌಶಲವು ಪಾದ ನೆಲಕ್ಕೆ ತಾಗುವ ಗಳಿಗೆಯಲ್ಲಿದೆ. ಸಡಿಲ ಕಲ್ಲನ್ನು ಬಿಟ್ಟು ಭದ್ರವಾದ ಕಲ್ಲನ್ನು ಆಯ್ದುಕೊಳ್ಳುವ ಹೆಜ್ಜೆಯಲ್ಲಿ, ಎರಡು ಮೂರು ಹೆಜ್ಜೆ ಮುಂದಿನ ನೆಲವನ್ನು ಓದುತ್ತಿರುವ ಕಣ್ಣಿನಲ್ಲಿ, ತೂಕವನ್ನು ಸಮತೋಲನಕ್ಕೆ ತರಲು ಅಗಲಿಸಿದ ತೋಳುಗಳಲ್ಲಿ ಅದು ಕಾಣುತ್ತದೆ.

ಆದ್ದರಿಂದ ಎಲ್ಲಿ ನಿಲ್ಲಬೇಕೆಂಬುದು ಮೊದಲ ತೀರ್ಮಾನ. ಏರಿನ ಕೊನೆಯ ತಿರುವಿನಲ್ಲಿ, ದಾರಿಗೆ ಅಡ್ಡವಾಗದಂತೆ ಅಂಚಿನಲ್ಲಿ ಕುಳಿತು, ಓಟಗಾರನ ಮೊಣಕಾಲಿನ ಮಟ್ಟದಿಂದ ನೋಡಿದರೆ ಊರಿದ ಕೈ, ಬಾಗಿದ ಬೆನ್ನು, ಮೇಲೆತ್ತಿದ ಮುಖ ಮೂರೂ ಒಂದೇ ಚೌಕಟ್ಟಿನೊಳಗೆ ಬರುತ್ತವೆ. ಗುಡ್ಡದ ಮೇಲಿನಿಂದ ಕೆಳಮುಖವಾಗಿ ತೆಗೆದರೆ ಕಡಿದಾದ ಏರು ಚಪ್ಪಟೆಯಾಗಿ ಕಂಡು, ಹತ್ತಿ ಬಂದ ಶ್ರಮವೇ ಅಳಿಸಿಹೋಗುತ್ತದೆ. ಕ್ಯಾಮೆರಾದ ಪರದೆ ತೆರೆದಿರುವ ಕಾಲಕ್ಕೆ ಷಟರ್ ವೇಗವೆನ್ನುತ್ತಾರೆ: ನಿಧಾನವಾಗಿ ಏರುವವರಿಗೆ ಸೆಕೆಂಡಿನ 500ನೆಯ ಒಂದು ಭಾಗ ಸಾಕಾಗುವುದಾದರೆ, ಇಳಿಯುವವರ ಹೆಜ್ಜೆಯನ್ನು ಸ್ಪಷ್ಟವಾಗಿ ಹಿಡಿಯಲು 1,000ನೆಯ ಒಂದು ಭಾಗ ಬೇಕು. ಓಟಗಾರನ ಜೊತೆಜೊತೆಗೇ ಕ್ಯಾಮೆರಾವನ್ನು ತಿರುಗಿಸುತ್ತ, 30ನೆಯ ಇಲ್ಲವೆ 60ನೆಯ ಒಂದು ಭಾಗದಷ್ಟು ನಿಧಾನ ವೇಗದಲ್ಲಿ ತೆಗೆಯುವ ‘ಪ್ಯಾನಿಂಗ್’ ಎಂಬ ವಿಧಾನದಲ್ಲಿ ಮುಖ ಸ್ಥಿರವಾಗಿ ಉಳಿದು ಹಿನ್ನೆಲೆಯ ಗಿಡಮರ ಗೆರೆಗಳಾಗಿ ಹರಿಯುವುದರಿಂದ, ಹೆಜ್ಜೆ ಚಿಕ್ಕದಾದ ಹಿರಿಯರ ಓಟಕ್ಕೂ ಅದರ ನಿಜವಾದ ಚಲನೆ ದೊರೆಯುತ್ತದೆ.

ಎರಡನೆಯ ತೀರ್ಮಾನ ಬೆಳಕಿನದು, ಮತ್ತು ಇದು ಕಾಲದ ಪ್ರಶ್ನೆಯೂ ಹೌದು. ಗುಡ್ಡದ ಓಟಗಳು ಸಾಮಾನ್ಯವಾಗಿ ನಸುಕಿನಲ್ಲಿ ಆರಂಭವಾಗುವುದರಿಂದ ಮುಂಚೂಣಿಯವರು ಓರೆಯಾಗಿ ಬೀಳುವ ಎಳೆಬಿಸಿಲಿನಲ್ಲಿ ಹಾದುಹೋಗುತ್ತಾರೆ; ಹಿರಿಯರಲ್ಲಿ ಬಹಳಷ್ಟು ಮಂದಿ ಅದೇ ಜಾಗಕ್ಕೆ ಬರುವಾಗ ಸೂರ್ಯ ನೆತ್ತಿಗೇರಿರುತ್ತಾನೆ. ಮಧ್ಯಾಹ್ನದ ಬಿಸಿಲಿನಲ್ಲಿ ಟೋಪಿಯ ಅಂಚಿನ ನೆರಳು ಕಣ್ಣುಗಳನ್ನು ಮುಚ್ಚಿದರೆ, ನೆರೆತ ಕೂದಲು ಮಿತಿಮೀರಿ ಬೆಳಗಿ ವಿವರ ಕಳೆದುಕೊಳ್ಳುತ್ತದೆ. ಕ್ಯಾಮೆರಾದ ಬೆಳಕಿನ ಮಾಪಕವು ಎದುರಿಗಿದ್ದುದೆಲ್ಲವೂ ನಡುಬೂದು ಬಣ್ಣದ್ದೆಂದು ಎಣಿಸುವುದರಿಂದ, ಬಿಳಿ ಅಂಗಿ ಚೌಕಟ್ಟನ್ನು ತುಂಬಿದಾಗ ಅದು ಚಿತ್ರವನ್ನು ಕಪ್ಪಾಗಿಸುತ್ತದೆ, ದಟ್ಟ ತೋಟದ ನೆರಳಿನಲ್ಲಿ ಮುಖವನ್ನು ಬೆಳ್ಳಗೆ ಮಾಡುತ್ತದೆ. ಇದನ್ನು ಅರಿತು ಮುಖದ ಬಣ್ಣಕ್ಕೆ ತಕ್ಕಂತೆ ಬೆಳಕನ್ನು ಕೈಯಾರೆ ಹೊಂದಿಸಿಕೊಳ್ಳಬೇಕಾಗುತ್ತದೆ. ಕಾಫಿ ತೋಟದಲ್ಲಿ ಸಿಲ್ವರ್ ಓಕ್ ಮರಗಳ ಸಂದಿನಿಂದ ಚುಕ್ಕೆಚುಕ್ಕೆಯಾಗಿ ಬೀಳುವ ಬಿಸಿಲಿಗಿಂತ, ಪೂರ್ಣ ನೆರಳಿರುವ ತಿರುವೊಂದನ್ನು ಮೊದಲೇ ಗುರುತಿಸಿಟ್ಟುಕೊಂಡು ಅಲ್ಲಿ ಕಾಯುವುದು ಉತ್ತಮ.

ಆದರೆ ಬೆಳಕಿಗಿಂತ ದೊಡ್ಡ ಕೊರತೆಯೆಂದರೆ ಕಾಯುವವರೇ ಇಲ್ಲದಿರುವುದು. ಗೆದ್ದವರ ಚಿತ್ರ ಸಿಕ್ಕಿದೊಡನೆ ಕ್ಯಾಮೆರಾಗಳು ಚೀಲ ಸೇರುವುದು ರೂಢಿಯಾಗಿದ್ದು, ನಿಗದಿಪಡಿಸಿದ ಗಡುವಿನ ಕೊನೆಯ ಗಂಟೆಯಲ್ಲಿ ಬರುವವರ ಓಟಕ್ಕೆ ದಾಖಲೆಯೇ ಉಳಿಯುವುದಿಲ್ಲ. ಅರವತ್ತೈದರ ವರ್ಗದಲ್ಲಿ ಮೊದಲಿಗರಾದವರು ಒಟ್ಟು ಸಾಲಿನಲ್ಲಿ ನೂರರಾಚೆ ಇರಬಹುದು. ಅವರು ಗೆದ್ದ ಗಳಿಗೆ ಯಾವುದೆಂದು ತಿಳಿಯಬೇಕಾದರೆ ಛಾಯಾಗ್ರಾಹಕರು ಮೊದಲೇ ವಯೋವರ್ಗದ ಪಟ್ಟಿಯನ್ನು ನೋಡಿ, ಎದೆಯ ಮೇಲಿನ ‘ಬಿಬ್’ ಎಂಬ ಸಂಖ್ಯಾಚೀಟಿಯ ಅಂಕಿಗಳನ್ನು ಬರೆದಿಟ್ಟುಕೊಂಡು, ಕೊನೆಯವರು ಬರುವ ತನಕ ಜಾಗ ಬಿಡದೆ ನಿಲ್ಲಬೇಕು.

ಚಿತ್ರವೊಂದು ಓಟದ ಗತಿಯನ್ನೇ ಬದಲಿಸಬಲ್ಲದೆಂಬುದಕ್ಕೆ 1967ರ ಬಾಸ್ಟನ್ ಮ್ಯಾರಥಾನ್ ನಿದರ್ಶನ: 261 ಸಂಖ್ಯೆ ಧರಿಸಿ ಓಡುತ್ತಿದ್ದ ಕ್ಯಾಥರೀನ್ ಸ್ವಿಟ್ಜರ್ ಅವರನ್ನು ಹೆಣ್ಣೆಂಬ ಕಾರಣಕ್ಕೆ ದಾರಿಯಿಂದ ಎಳೆದುಹಾಕಲು ಯತ್ನಿಸಿದ ದೃಶ್ಯದ ಚಿತ್ರಗಳು ಜಗತ್ತನ್ನು ಸುತ್ತಿ, ಮಹಿಳೆಯರ ಓಟದ ಹಕ್ಕಿಗೆ ಸಾಕ್ಷಿಯಾದವು. ಅದೇ ಸ್ವಿಟ್ಜರ್ 2017ರಲ್ಲಿ, 70ನೆಯ ವಯಸ್ಸಿನಲ್ಲಿ, ಅದೇ ಸಂಖ್ಯೆ ಧರಿಸಿ ಅದೇ ಓಟವನ್ನು ಮುಗಿಸಿದರು. ಹಿರಿಯರ ಚಿತ್ರಕ್ಕೂ ಇಂಥದೇ ಗೌರವ ಸಲ್ಲಬೇಕು. ಸುಕ್ಕನ್ನು ಹತ್ತಿರದಿಂದ ಹಿಗ್ಗಿಸಿ ತೋರಿಸುವುದು, ಏದುಸಿರಿನ ನೋವಿನ ಮುಖವನ್ನು ಮಾತ್ರ ಆರಿಸುವುದು, ಬಿದ್ದವರ ಚಿತ್ರವನ್ನು ಒಪ್ಪಿಗೆಯಿಲ್ಲದೆ ಪ್ರಕಟಿಸುವುದು ಇವೆಲ್ಲ ಓಟಗಾರರನ್ನು ನೋಟದ ವಸ್ತುವಾಗಿಸುತ್ತವೆ. ಬಿದ್ದವರಿದ್ದರೆ ಕ್ಯಾಮೆರಾ ಕೆಳಗಿಟ್ಟು ಮೊದಲು ಕೈ ಕೊಡಬೇಕೆಂಬುದು ಗುಡ್ಡದ ದಾರಿಯ ಅಲಿಖಿತ ನಿಯಮ.

ಧಾರವಾಡ ಸೀಮೆಯ ಮನೆಗಳ ಪಡಸಾಲೆಯ ಗೋಡೆಯ ಮೇಲೆ ಹಿರಿಯರ ಕಟ್ಟು ಹಾಕಿಸಿದ ಫೋಟೋ ಇರುವುದು ವಾಡಿಕೆ; ರುಮಾಲು ಸುತ್ತಿ, ಕುರ್ಚಿಯ ಮೇಲೆ ಕೈ ಮೊಣಕಾಲಿಗೆ ಊರಿ, ಅಲುಗಾಡದೆ ಕುಳಿತ ಆ ಚಿತ್ರಗಳಲ್ಲಿ ಹೊಲ, ಜಾತ್ರೆ, ಗುಡ್ಡಗಳನ್ನು ಸುತ್ತಿ ಬಂದ ಕಾಲುಗಳ ಸುದ್ದಿಯಿರುವುದಿಲ್ಲ. ಭೀಮನಕೊಳ್ಳದ ಏರಿನಲ್ಲಾಗಲಿ, ಮಲೆನಾಡಿನ ಓಟದ ಹಾದಿಯಲ್ಲಾಗಲಿ, ಅದೇ ಕೈ ಅದೇ ಮೊಣಕಾಲನ್ನು ಒತ್ತಿ ಮೈಯನ್ನು ಮೇಲಕ್ಕೆತ್ತುವ ಗಳಿಗೆಯನ್ನು ಹಿಡಿದು, ಹೆಸರು, ಊರು, ವಯಸ್ಸು, ಇಸವಿಗಳನ್ನು ಹಿಂಬದಿಯಲ್ಲಿ ಬರೆದು ಮನೆಯವರಿಗೆ ಮುಟ್ಟಿಸಿದಾಗ, ಆ ಗೋಡೆಯ ಮೇಲೆ ಹಿರಿಯರು ಮೊದಲ ಬಾರಿಗೆ ನಡೆಯತೊಡಗುತ್ತಾರೆ.