ಹಿಮಾಲಯದ ಭೂರ್ಜ, ಹೇಮಾವತಿಯ ಮತ್ತಿ

ತಾಯತ ಕಟ್ಟಿಸುವವರೂ ಎದೆಬೇನೆಗೆ ಕಷಾಯ ಕುದಿಸುವವರೂ ಕೊನೆಗೆ ಹೋಗಿ ನಿಲ್ಲುವುದು ಒಂದೇ ಕಡೆ, ಗ್ರಂಥಿಗೆ ಅಂಗಡಿಯಲ್ಲಿ. ಬಜೆ, ಅಳಲೆಕಾಯಿ, ಲಾವಂಚ, ಸಾಂಬ್ರಾಣಿಗಳ ಬೆರಕೆ ವಾಸನೆಯ ಈ ಅಂಗಡಿಗಳು ಮೈಸೂರು, ಮಂಡ್ಯ ಸೀಮೆಯ ಪೇಟೆಬೀದಿಗಳಲ್ಲಿ ಇನ್ನೂ ಉಸಿರು ಹಿಡಿದುಕೊಂಡಿವೆ. ಅಲ್ಲಿ ಎರಡು ಬಗೆಯ ಮರದ ತೊಗಟೆ ಸಿಗುತ್ತದೆ. ಒಂದು ನಸುಗೆಂಪು ಬಣ್ಣದ ತೆಳು ಹಾಳೆ. ಅದರ ಮೈಮೇಲೆ ಅಡ್ಡಡ್ಡ ಸಣ್ಣ ಗೀರುಗಳು, ಉಗುರಿನಿಂದ ಎಬ್ಬಿಸಿದರೆ ಒಂದರಡಿ ಇನ್ನೊಂದು ಪದರ ಬಿಚ್ಚಿಕೊಳ್ಳುತ್ತದೆ. ಅದು ಭೂರ್ಜಪತ್ರೆ. ಇನ್ನೊಂದು ಹೊರಗೆ ಬೂದು, ಒಳಗೆ ಕೆಂಪಗಿರುವ ಗಟ್ಟಿ ಚೆಕ್ಕೆ. ಅದು ಮತ್ತಿ ಚೆಕ್ಕೆ.

ಭೂರ್ಜ ಎಂದರೆ ಇಂಗ್ಲಿಷಿನವರ ಬರ್ಚ್ ಮರ. ನಮ್ಮ ದೇಶದಲ್ಲಿ ಅದು ಹಿಮಾಲಯ ಬಿಟ್ಟು ಕೆಳಗಿಳಿಯುವುದಿಲ್ಲ. ಸುಮಾರು 3,000 ಮೀಟರಿಗಿಂತ ಮೇಲೆ, ಕಾಡು ಮುಗಿದು ಬರೀ ಹುಲ್ಲು, ಹಿಮ ಶುರುವಾಗುವ ಅಂಚಿನಲ್ಲಿ ಅದರ ವಾಸ. ತೊಗಟೆಯಲ್ಲಿ ಮೇಣದಂಥ ಅಂಶ ಇರುವುದರಿಂದ ನೀರು ಹಿಡಿಯುವುದಿಲ್ಲ, ಬೇಗ ಕೊಳೆಯುವುದೂ ಇಲ್ಲ. ಅದಕ್ಕೇ ಕಾಶ್ಮೀರದವರು ಮನೆಯ ಮಾಡಿಗೆ ಭೂರ್ಜ ಹಾಸಿ ಮೇಲೆ ಮಣ್ಣು ಹೊದಿಸುತ್ತಿದ್ದರು. ಬರೆಯುವುದಕ್ಕಂತೂ ಕಾಗದ ಬರುವ ತನಕ ಉತ್ತರದವರಿಗೆ ಇದೇ ಗತಿ. ಸಾವಿರ ವರ್ಷದ ಹಿಂದೆ ಇಲ್ಲಿಗೆ ಬಂದ ಅಲ್‌ಬಿರೂನಿ ದಕ್ಷಿಣದವರು ತಾಳೆಗರಿಯ ಮೇಲೂ ಮಧ್ಯ ಮತ್ತು ಉತ್ತರ ಭಾರತದವರು ಭೂರ್ಜದ ತೊಗಟೆಯ ಮೇಲೂ ಬರೆಯುತ್ತಾರೆ ಎಂದು ಗೆರೆ ಎಳೆದಂತೆ ಹೇಳಿದ್ದಾನೆ. ತೊಗಟೆಗೆ ಎಣ್ಣೆ ಹಚ್ಚಿ ಉಜ್ಜಿ ನುಣುಪು ಮಾಡುವುದನ್ನೂ ಬಿಟ್ಟಿಲ್ಲ. ಕಾಳಿದಾಸನ ಊರ್ವಶಿ ಪುರೂರವನಿಗೆ ಓಲೆ ಬರೆದದ್ದು ಭೂರ್ಜಪತ್ರದ ಮೇಲೆಯೇ. 1881ರಲ್ಲಿ ಪೇಶಾವರದ ಹತ್ತಿರ ಬಕ್ಷಾಲಿಯಲ್ಲಿ ನೆಲ ಅಗೆಯುವಾಗ ಸಿಕ್ಕ, ಸೊನ್ನೆಯ ಜಾಗದಲ್ಲಿ ಚುಕ್ಕೆ ಇಟ್ಟ ಗಣಿತದ ಹಸ್ತಪ್ರತಿಯೂ ಭೂರ್ಜದ್ದು.

ಈ ಮರದ ನಂಟರು ಯುರೋಪಿನ ಉತ್ತರದ ತುಂಬ ಇದ್ದಾರೆ. ಫಿನ್ಲೆಂಡಿನವರಿಗೆ ಅದು ರಾಷ್ಟ್ರವೃಕ್ಷ. ಬಿಸಿಹಬೆಯ ಸೌನಾದಲ್ಲಿ ಕೂತು ಅದರ ಎಳೆ ರೆಂಬೆಯ ಕಟ್ಟಿನಿಂದ ಮೈಗೆ ಹೊಡೆದುಕೊಳ್ಳುತ್ತಾರೆ. ರಷ್ಯಾದ ನವ್‌ಗೊರೋದ್ ಪಟ್ಟಣದ ಕೆಸರಿನಲ್ಲಿ 1951ರಿಂದ ಈಚೆಗೆ ಬರ್ಚ್ ತೊಗಟೆಯ ಮೇಲೆ ಗೀಚಿದ ಸಾವಿರಕ್ಕೂ ಹೆಚ್ಚು ಕಾಗದಗಳು ಸಿಕ್ಕಿವೆ. ಸಾಲದ ಲೆಕ್ಕ, ಮದುವೆಯ ಮಾತು, ಜಗಳ ಎಲ್ಲ ಅದರಲ್ಲಿವೆ. ನನಗೆ ಪ್ರಿಯವಾದದ್ದು ಹದಿಮೂರನೆಯ ಶತಮಾನದ ಓನ್‌ಫಿಮ್ ಎಂಬ ಹುಡುಗನ ಕಾಪಿ. ಅಕ್ಷರ ತಿದ್ದುತ್ತ ತಿದ್ದುತ್ತ ಬೇಸರ ಬಂದು ಕುದುರೆ ಸವಾರನ ಚಿತ್ರ ಬರೆದು ಪಕ್ಕದಲ್ಲಿ ತನ್ನ ಹೆಸರು ಹಾಕಿಕೊಂಡಿದ್ದಾನೆ.

ನಮ್ಮ ಕಡೆಗೆ ಭೂರ್ಜ ಬಂದದ್ದು ಮಂತ್ರದ ಹಾಳೆಯಾಗಿ ಮಾತ್ರ. ದಾಳಿಂಬೆ ಕಡ್ಡಿಯನ್ನು ಅಷ್ಟಗಂಧದಲ್ಲಿ ಅದ್ದಿ ಯಂತ್ರ ಬರೆದು, ಮಡಿಸಿ, ತಾಯತದ ಕೊಳವೆಗೆ ತುರುಕಿ ತೋಳಿಗೋ ಕೊರಳಿಗೋ ಕಟ್ಟುತ್ತಾರೆ. ಕಟ್ಟಿಸಿಕೊಂಡವರಲ್ಲಿ ಆ ಮರ ಹೇಗಿದೆ ಎಂದು ಬಲ್ಲವರು ಎಷ್ಟು ಜನವೋ! ಗಂಗೋತ್ರಿಯಿಂದ ಗೋಮುಖಕ್ಕೆ ನಡೆದುಹೋದ ಯಾತ್ರಿಕರು ಕಂಡಿರಬಹುದು.

ಎರಡನೆಯ ತೊಗಟೆಯ ಮರ ನೋಡಲು ಅಷ್ಟು ದೂರ ಹೋಗಬೇಕಾಗಿಲ್ಲ. ಕೆ.ಆರ್. ಪೇಟೆ ತಾಲ್ಲೂಕಿನ ಹೇಮಗಿರಿಯ ಅಣೆ, ಬಂಡಿಹೊಳೆ, ಅಕ್ಕಿಹೆಬ್ಬಾಳು ಎಂದು ಹೇಮಾವತಿಯ ಜಾಡು ಹಿಡಿದು ಇಳಿದರೆ, ಅದು ಕಾವೇರಿಗೆ ಸೇರಿದ ಮೇಲೂ ರಂಗನತಿಟ್ಟಿನವರೆಗೆ, ಆಚೆಗೂ, ದಂಡೆಯ ಮರ ಹೊಳೆಮತ್ತಿಯೇ. ನೀರುಮತ್ತಿ, ಬಿಳಿಮತ್ತಿ, ತೊರೆಮತ್ತಿ ಎಂದೂ ಕರೆಯುತ್ತಾರೆ, ಸಂಸ್ಕೃತದಲ್ಲಿ ಅರ್ಜುನ. ರಥಸಪ್ತಮಿಯ ಆಸುಪಾಸಿನಲ್ಲಿ ಹೇಮಗಿರಿಯ ಕಲ್ಯಾಣ ವೆಂಕಟರಮಣಸ್ವಾಮಿಯ ತೇರು, ದನಗಳ ಜಾತ್ರೆ ಎಂದು ಬಂದವರು ಹೊಳೆದಂಡೆಯಲ್ಲಿ ಒಂದಿಷ್ಟು ಅಡ್ಡಾಡಿದರೆ ಗುರುತು ಹಿಡಿಯುವುದು ಕಷ್ಟವಲ್ಲ. ಬುಡದಲ್ಲಿ ಗೋಡೆ ಎಬ್ಬಿಸಿದ ಹಾಗೆ ಹಬ್ಬಿದ ಬೇರು, ಅದರ ಮೇಲೆ ಬೂದುಬಿಳುಪಿನ ನುಣ್ಣನೆಯ ಕಾಂಡ. ಹಳೆಯ ತೊಗಟೆ ಅಗಲವಾದ ತೆಳು ಬಿಲ್ಲೆಗಳಾಗಿ ಕಳಚಿ ಬೀಳುತ್ತದೆ, ಬಿದ್ದ ಜಾಗದಲ್ಲಿ ನಸುಗೆಂಪೋ ಹಸಿರುಮಿಶ್ರಿತ ಬಿಳುಪೋ ಆದ ಹೊಸ ಮೈ ಕಾಣುತ್ತದೆ. ಅನುಮಾನ ಬಂದರೆ ಒಂದು ಎಲೆ ಕಿತ್ತು ಮಗುಚಿ ನೋಡಿ. ತೊಟ್ಟು ಎಲೆಗೆ ಸೇರುವಲ್ಲಿ ಎರಡು ಪುಟ್ಟ ಗಂಟುಗಳಿರುತ್ತವೆ. ಕಾಯಿಗೆ ಉದ್ದುದ್ದ ಐದು ಏಣು. ಮರಗೆಲಸದವರು ಮೆಚ್ಚುವ ಕರಿಮತ್ತಿ ಇದರ ದಾಯಾದಿ. ಅದು ಗುಡ್ಡದ ಕಾಡಿನದು, ಅದರ ತೊಗಟೆ ಮೊಸಳೆಯ ಬೆನ್ನು.

ಬಿಳಿ ಮೈ, ಕಳಚುವ ತೊಗಟೆ, ತಂಪಿನ ಆಸೆ ಇವೆಲ್ಲ ಭೂರ್ಜದಲ್ಲೂ ಉಂಟು, ಮತ್ತಿಯಲ್ಲೂ ಉಂಟು. ಸಸ್ಯಶಾಸ್ತ್ರದ ಪ್ರಕಾರ ಮಾತ್ರ ಎರಡಕ್ಕೂ ಸೂತಕದ ಸಂಬಂಧವೂ ಇಲ್ಲ. ಮತ್ತಿಯ ತೊಗಟೆ ಹಾಳೆಯಾಗಿ ಬಿಚ್ಚುವುದಿಲ್ಲ, ಪಟ್ಟನೆ ಮುರಿಯುತ್ತದೆ. ಹಾಗಾಗಿ ಅದರ ಮೇಲೆ ಯಾರೂ ಬರೆಯಲಿಲ್ಲ, ಕುದಿಸಿ ಕುಡಿದರು. ವಾಗ್ಭಟ ಹೃದಯದ ಬೇನೆಗೆ ಅದನ್ನು ಹೇಳಿದ. ಹನ್ನೊಂದನೆಯ ಶತಮಾನದ ಚಕ್ರದತ್ತನಲ್ಲಿ ಹಾಲಿನ ಜೊತೆ ಕೊಡುವ ಕ್ರಮವಿದೆ. ಇವತ್ತಿಗೂ ಪಂಡಿತರು ಹೇಳುವುದು ಅದನ್ನೇ: ಚೆಕ್ಕೆಯ ಪುಡಿಯನ್ನು ಹಾಲು, ನೀರು ಕೂಡಿಸಿ ಹಾಕಿ, ನೀರಿನ ಪಾಲು ಇಂಗುವವರೆಗೆ ಸಣ್ಣ ಉರಿಯಲ್ಲಿ ಕಾಯಿಸಿ ಸೋಸುವುದು. ಬಾಟಲಿಯಲ್ಲಿ ಬರುವ ಅರ್ಜುನಾರಿಷ್ಟದ ಮೂಲವೂ ಇದೇ ಚೆಕ್ಕೆ. ಜಯದೇವ ಆಸ್ಪತ್ರೆಯ ಮಾತ್ರೆ ನಿಲ್ಲಿಸಿ ಇದನ್ನು ಕುಡಿಯುತ್ತೇನೆ ಎನ್ನುವವರು ಮೊದಲು ಡಾಕ್ಟರನ್ನು ಕೇಳುವುದು ಒಳ್ಳೆಯದು.

ಚೆಕ್ಕೆಯಲ್ಲಿ ಒಗರು ಜಾಸ್ತಿ, ಅದರಿಂದಲೇ ಚರ್ಮ ಹದ ಮಾಡಲೂ ಬಳಸಿದರು. ಮರ ಗಾಡಿಗೆ, ಉಳುವ ಸಲಕರಣೆಗೆ ಆಯಿತು. ಹಿಪ್ಪುನೇರಳೆ ಸೊಪ್ಪು ಕೊಯ್ಯುವ ಮಂಡ್ಯದ ರೈತರಿಗೆ ವಿಚಿತ್ರ ಅನ್ನಿಸಬಹುದು: ಜಾರ್ಖಂಡ್, ಛತ್ತೀಸಗಡದ ಕಾಡಿನವರು ರೇಷ್ಮೆಹುಳ ಮೇಯಿಸುವುದು ಈ ಮತ್ತಿಯ ಸೊಪ್ಪಿನ ಮೇಲೆ. ಟಸರ್ ಸೀರೆಯ ನೂಲು ಬರುವುದು ಅಲ್ಲಿಂದ.

ಕಥೆಯೂ ಇದೆ. ಕುಬೇರನ ಮಕ್ಕಳಾದ ನಳಕೂಬರ, ಮಣಿಗ್ರೀವರು ಕುಡಿದ ಮತ್ತಿನಲ್ಲಿ ಹೊಳೆಯಲ್ಲಿ ಜಲಕ್ರೀಡೆಯಾಡುತ್ತ, ನಾರದ ಬಂದರೂ ಬಟ್ಟೆ ಹೊದೆಯದೆ ನಿಂತು ಶಾಪ ತಿಂದು ಜೋಡಿ ಮತ್ತಿಮರಗಳಾದರು. ಹೊಳೆಯಲ್ಲಿ ಮಾಡಿದ ತಪ್ಪಿಗೆ ಹೊಳೆಮರವಾಗುವ ಶಿಕ್ಷೆ, ನಾರದನ ನ್ಯಾಯ ಹದವಾಗಿಯೇ ಇದೆ. ಬೆಣ್ಣೆ ಕದ್ದ ಕೃಷ್ಣನನ್ನು ಯಶೋದೆ ಒರಳಿಗೆ ಕಟ್ಟಿದಾಗ ಅವನು ಒರಳನ್ನು ಎಳೆದುಕೊಂಡೇ ಆ ಎರಡು ಮರಗಳ ನಡುವೆ ನುಗ್ಗಿ ಬುಡಸಮೇತ ಕೆಡವಿದ. ಭಾಗವತದ ಕಥೆಗಳನ್ನು ಕಲ್ಲಿನಲ್ಲಿ ನೋಡುವ ಆಸೆಯಿದ್ದವರಿಗೆ ಕೆ.ಆರ್. ಪೇಟೆ ಪಕ್ಕದ ಹೊಸಹೊಳಲಿನ ಲಕ್ಷ್ಮೀನಾರಾಯಣ ಗುಡಿಯ ಪಟ್ಟಿಕೆಗಳಿವೆ. ಇದೇ ಕಾವೇರಿ ತಮಿಳುನಾಡಿಗೆ ಇಳಿದ ಮೇಲೆ ಕುಂಭಕೋಣದ ಹತ್ತಿರ ತಿರುವಿಡೈಮರುದೂರಿನಲ್ಲಿ ಈ ಮರವೇ ಸ್ಥಳವೃಕ್ಷ. ಅಲ್ಲಿನ ಶಿವ ಮಧ್ಯಾರ್ಜುನ, ಶ್ರೀಶೈಲದವನು ಮಲ್ಲಿಕಾರ್ಜುನ.

ಹೊಳೆಗೂ ಈ ಮರ ಬೇಕು. ಬೇರು ದಂಡೆಯ ಮಣ್ಣನ್ನು ಬಿಗಿಹಿಡಿಯುತ್ತದೆ, ನೀರಿನ ಮೇಲೆ ಚಾಚಿದ ಕೊಂಬೆಯಲ್ಲಿ ಹಕ್ಕಿಗಳು ಕೂರುತ್ತವೆ. ಕೆಳಗೆ ಕಾವೇರಿ ವನ್ಯಧಾಮದಲ್ಲಿ ಅಪರೂಪದ ಬೂದುಬಣ್ಣದ ದೊಡ್ಡ ಅಳಿಲು ನಂಬಿಕೊಂಡಿರುವುದು ಹೊಳೆದಂಡೆಯ ಇಂಥ ಎತ್ತರದ ಮರಗಳನ್ನೇ. ಮರಳು ತೆಗೆದ ಕಡೆ ಮಣ್ಣು ಕುಸಿದು ಬೇರು ಗಾಳಿಯಲ್ಲಿ ನೇತಾಡುತ್ತದೆ. ಚೆಕ್ಕೆಯ ವ್ಯಾಪಾರದ ಕಾಟ ಬೇರೆ. ಒಂದು ಪಕ್ಕದ್ದಷ್ಟೇ, ಅದೂ ಒಳಪದರಕ್ಕೆ ಕತ್ತಿ ತಾಗದ ಹಾಗೆ ಎಬ್ಬಿದರೆ ಗಾಯ ಮಾಯ್ದು ಹೊಸ ತೊಗಟೆ ಕೂಡಿಕೊಳ್ಳುತ್ತದೆ. ದುರಾಸೆಗೆ ಬಿದ್ದು ಸುತ್ತಲೂ ಸುಲಿದರೆ ಮರ ನಿಂತಲ್ಲೇ ಒಣಗುತ್ತದೆ.

ಗಂಗೋತ್ರಿಯ ಮೇಲಿನ ಭೋಜಬಾಸಾದಲ್ಲಿ ಭೂರ್ಜದ ಕಾಡು ಯಾತ್ರಿಕರ ಒಲೆಗೆ ಉರಿದು ಬೋಳಾದ ಮೇಲೆ ಪರ್ವತಾರೋಹಿ ಹರ್ಷವಂತಿ ಬಿಷ್ಟ್ ಅಲ್ಲಿ ಸಸಿ ನೆಡಿಸಿದರು. ಆ ಚಳಿಯಲ್ಲಿ ಒಂದು ಗಿಡ ಏಳುವುದೆಂದರೆ ವರ್ಷಗಟ್ಟಲೆಯ ಮಾತು. ಮತ್ತಿಗೆ ಆ ಕಷ್ಟವಿಲ್ಲ. ಬೇಸಿಗೆಯಲ್ಲಿ ಉದುರಿದ ಕಾಯಿ ಆರಿಸಿ ನೆನೆಹಾಕಿ ಬಿತ್ತಿದರೆ ಸಸಿಯಾಗುತ್ತದೆ, ಹೊಳೆಯ ತೇವ ಸಿಕ್ಕರೆ ತಾನಾಗಿ ಬೆಳೆದುಕೊಳ್ಳುತ್ತದೆ. ಅದಕ್ಕೆ ಬೇಕಾದ ದಂಡೆಯ ನಾಲ್ಕು ಮಾರು ಜಾಗದಲ್ಲಿ ಈಗ ಎಷ್ಟೋ ಕಡೆ ಕಬ್ಬು, ತೆಂಗು ಮತ್ತು ಪಂಪ್‌ಸೆಟ್ಟಿನ ಮನೆ ಇವೆ.