ಮಗ್ಗದಿಂದ ಬಂದ ಕಾರು

ಚಾಮರಾಜಪೇಟೆಯ ಸಿರ್ಸಿ ವೃತ್ತದ ಹತ್ತಿರ ಹತ್ತು ನಿಮಿಷ ನಿಂತು, ಮೈಸೂರು ರಸ್ತೆಯ ಕಡೆಗೆ ಹೋಗುವ ವಾಹನಗಳನ್ನು ಗಮನಿಸಿ. ಮದುವೆಗೆ ಹೊರಟವರು, ಧರ್ಮಸ್ಥಳಕ್ಕೆ ಹೊರಟವರು, ಮೈಸೂರು ನೋಡಲು ಹೊರಟವರು ಎಲ್ಲರೂ ಕಾಣುತ್ತಾರೆ. ಇವರಲ್ಲಿ ಹಲವರು ಕುಳಿತಿರುವುದು ಇನ್ನೋವಾ ಎಂಬ ಉದ್ದನೆಯ ಕಾರಿನಲ್ಲಿ. ಅದರ ಮುಂಭಾಗದಲ್ಲಿ ಒಂದಕ್ಕೊಂದು ಹೆಣೆದುಕೊಂಡ ಮೂರು ಅಂಡಾಕಾರದ ಬಳೆಗಳ ಗುರುತು ಇರುತ್ತದೆ. ಅದು ಜಪಾನಿನ ಟೊಯೊಟಾ ಕಂಪನಿಯ ಗುರುತು. ಆದರೆ ಈ ಕಾರು ಹಡಗಿನಲ್ಲಿ ಬಂದದ್ದಲ್ಲ. ಇದೇ ರಸ್ತೆಯಲ್ಲಿ ಸುಮಾರು 30 ಕಿ.ಮೀ. ಮುಂದೆ ಹೋದರೆ ಸಿಗುವ ಬಿಡದಿಯಲ್ಲಿ ತಯಾರಾದದ್ದು. ಹೌದು, ತಟ್ಟೆ ಇಡ್ಲಿಗೆ ಹೆಸರಾದ ಅದೇ ಬಿಡದಿ!

ಯಾವ ಟ್ಯಾಕ್ಸಿ ಚಾಲಕರನ್ನಾದರೂ ಕೇಳಿ, "ಟೊಯೊಟಾ ಅಷ್ಟು ಸುಲಭಕ್ಕೆ ಕೆಡೋದಿಲ್ಲ" ಎನ್ನುತ್ತಾರೆ. ಕೆಡದ ಯಂತ್ರ ಪ್ರಪಂಚದಲ್ಲಿ ಯಾವುದೂ ಇಲ್ಲ. ಹಾಗಾದರೆ ಈ ಕಂಪನಿಗೆ ಇಂಥ ಹೆಸರು ಹೇಗೆ ಬಂತು? ಇದಕ್ಕೆ ಉತ್ತರ ಹುಡುಕಬೇಕಾದರೆ ಕಾರನ್ನು ಬಿಟ್ಟು ಬಟ್ಟೆ ನೇಯುವ ಮಗ್ಗದ ಬಳಿಗೆ ಹೋಗಬೇಕು.

ಮಗ್ಗ ಬೆಂಗಳೂರಿಗೆ ಹೊಸದಲ್ಲ. ಕಬ್ಬನ್‌ಪೇಟೆಯ ಓಣಿಗಳಲ್ಲಿ ನಡೆದರೆ ಮನೆಯೊಳಗಿನಿಂದ ಮಗ್ಗದ ಲಟಪಟ ಸದ್ದು ಕೇಳಿಸುತ್ತಿದ್ದ ಕಾಲ ದೂರದ್ದೇನಲ್ಲ. ಚಾಮರಾಜಪೇಟೆಗೆ ಹತ್ತಿರದಲ್ಲೇ ಬಿನ್ನಿ ಮಿಲ್ ಇತ್ತು. ಮಲ್ಲೇಶ್ವರದಲ್ಲಿ ಇಂದು ದೊಡ್ಡ ಮಾಲ್ ನಿಂತಿರುವ ಜಾಗದಲ್ಲಿ ಹಿಂದೆ ಜನ ರಾಜಾ ಮಿಲ್ ಎಂದು ಕರೆಯುತ್ತಿದ್ದ ಬಟ್ಟೆ ಗಿರಣಿ ಇತ್ತು.

ಮಗ್ಗದಲ್ಲಿ ಉದ್ದಕ್ಕೆ ಬಿಗಿದ ಎಳೆಗಳಿಗೆ ಹಾಸು ಎನ್ನುತ್ತಾರೆ. ಅಡ್ಡಲಾಗಿ ಸಾಗುವ ಎಳೆಗೆ ಹೊಕ್ಕು ಎನ್ನುತ್ತಾರೆ. ಹೊಕ್ಕಿನ ನೂಲು ಸುತ್ತಿದ ಕಂಡಿಕೆಯನ್ನು ಒಡಲಲ್ಲಿ ಇಟ್ಟುಕೊಂಡು ಅತ್ತಿಂದಿತ್ತ ಓಡುವುದು ಲಾಳಿ. ಹಾಸಿನಲ್ಲಿ ನೂರಾರು, ಕೆಲವೊಮ್ಮೆ ಸಾವಿರಾರು ಎಳೆಗಳಿರುತ್ತವೆ. ಇವುಗಳಲ್ಲಿ ಒಂದೇ ಒಂದು ಕಡಿದು ಹೋಗಿ, ಅದು ಯಾರ ಕಣ್ಣಿಗೂ ಬೀಳದಿದ್ದರೆ? ಮಗ್ಗ ನೇಯುತ್ತಲೇ ಹೋಗುತ್ತದೆ. ಬಟ್ಟೆಯ ಉದ್ದಕ್ಕೂ ಒಂದು ಸಂದು ಉಳಿಯುತ್ತದೆ. ಇಡೀ ಸೀರೆ ಹಾಳು. ಕೈಮಗ್ಗದಲ್ಲಾದರೆ ನೇಕಾರರ ಕಣ್ಣು ಬಟ್ಟೆಯ ಮೇಲೇ ಇರುತ್ತದೆ. ಯಂತ್ರದ ಮಗ್ಗಕ್ಕೆ ಕಣ್ಣಿಲ್ಲ.

ಬಡಗಿಯ ಮಗನ ಉಪಾಯ

ಜಪಾನಿನ ಒಂದು ಹಳ್ಳಿಯಲ್ಲಿ 1867ರಲ್ಲಿ ಸಾಕಿಚಿ ಟೊಯೊಡಾ ಎಂಬಾತ ಹುಟ್ಟಿದ. ತಂದೆ ಬಡಗಿ. ತಾಯಿ ಮನೆಯಲ್ಲಿ ಬಟ್ಟೆ ನೇಯುತ್ತಿದ್ದರು. ಆಕೆಯ ಶ್ರಮ ಕಡಿಮೆ ಮಾಡಬೇಕೆಂದು ಸಾಕಿಚಿ ಮಗ್ಗವನ್ನು ಸುಧಾರಿಸಲು ಹೊರಟ. ಸುಧಾರಿಸಿದ ಮರದ ಕೈಮಗ್ಗಕ್ಕೆ 1891ರಲ್ಲಿ ಪೇಟೆಂಟ್ ಸಿಕ್ಕಿತು. ಕೆಲಸ ಅಲ್ಲಿಗೆ ನಿಲ್ಲಲಿಲ್ಲ. 1924ರಲ್ಲಿ ಮಗ ಕಿಚಿರೊ ಮತ್ತು ಸಂಗಡಿಗರೊಂದಿಗೆ ಸಾಕಿಚಿ ಪೂರ್ಣಗೊಳಿಸಿದ ಸ್ವಯಂಚಾಲಿತ ಮಗ್ಗ ಎರಡು ಕೆಲಸಗಳನ್ನು ತಾನೇ ಮಾಡುತ್ತಿತ್ತು. ಲಾಳಿಯಲ್ಲಿ ನೂಲು ಮುಗಿಯುತ್ತಾ ಬಂದರೆ, ಓಡುತ್ತಿರುವಾಗಲೇ ಹೊಸ ಲಾಳಿ ಹಾಕಿಕೊಳ್ಳುತ್ತಿತ್ತು. ಎಳೆ ಕಡಿದರೆ ತಾನಾಗಿ ನಿಂತುಬಿಡುತ್ತಿತ್ತು.

ಕಣ್ಣಿಲ್ಲದ ಮಗ್ಗಕ್ಕೆ ಎಳೆ ಕಡಿದದ್ದು ಹೇಗೆ ತಿಳಿಯುತ್ತದೆ? ಇಂಥ ಮಗ್ಗಗಳಲ್ಲಿ ಬಳಸುವ ಒಂದು ವಿಧಾನ ಬಹಳ ಸರಳ. ಹಾಸಿನ ಪ್ರತಿ ಎಳೆಯ ಮೇಲೂ ಒಂದೊಂದು ತೆಳುವಾದ ಲೋಹದ ಪಟ್ಟಿಯನ್ನು ನೇತು ಹಾಕಿರುತ್ತಾರೆ. ಎಳೆ ಬಿಗಿಯಾಗಿರುವ ತನಕ ಪಟ್ಟಿ ಮೇಲೆಯೇ ಇರುತ್ತದೆ. ಎಳೆ ಕಡಿದ ಕೂಡಲೇ ಭೂಮಿಯ ಗುರುತ್ವದಿಂದ ಪಟ್ಟಿ ಕೆಳಕ್ಕೆ ಬೀಳುತ್ತದೆ. ಕೆಳಗೆ ಹಲ್ಲುಗಳಿರುವ ಒಂದು ಸರಳು ಹಿಂದೆ ಮುಂದೆ ಆಡುತ್ತಿರುತ್ತದೆ. ಬಿದ್ದ ಪಟ್ಟಿ ಹಲ್ಲುಗಳ ನಡುವೆ ಸಿಕ್ಕಿಕೊಂಡು ಸರಳು ಆಡದಂತೆ ತಡೆಯುತ್ತದೆ. ಸರಳು ನಿಂತೊಡನೆ ಒಂದು ಕೀಲು ಕಳಚಿ ಮಗ್ಗವೇ ನಿಲ್ಲುತ್ತದೆ. ಇದಕ್ಕೆ ವಿದ್ಯುತ್ತೂ ಬೇಡ, ಕಂಪ್ಯೂಟರೂ ಬೇಡ.

ಈಗ ಮಗ್ಗದ ಮುಂದೆ ಸದಾ ಕಾವಲು ಕಾಯಬೇಕಾಗಿಲ್ಲ. ಒಬ್ಬರೇ 30ಕ್ಕೂ ಹೆಚ್ಚು ಮಗ್ಗಗಳನ್ನು ನೋಡಿಕೊಳ್ಳಬಹುದಾಯಿತು. (ಉಳಿದ ನೇಕಾರರು ಏನು ಮಾಡಬೇಕು ಎಂದು ನಿಮಗೆ ಅನ್ನಿಸಿದರೆ, ಅದು ಕೇಳಲೇಬೇಕಾದ ಪ್ರಶ್ನೆ. ಸುಧಾರಿಸಿದ ಯಂತ್ರ ಬಂದಲ್ಲೆಲ್ಲ ಅದೂ ಬಂದಿದೆ.) ಆಗ ಬಟ್ಟೆ ಯಂತ್ರಗಳಿಗೆ ಇಂಗ್ಲೆಂಡೇ ಗುರು. ಅಂಥ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಕಂಪನಿ 1929ರಲ್ಲಿ ಈ ಮಗ್ಗದ ಪೇಟೆಂಟ್ ಹಕ್ಕನ್ನು 1 ಲಕ್ಷ ಪೌಂಡಿಗೆ ಕೊಳ್ಳಲು ಒಪ್ಪಂದ ಮಾಡಿಕೊಂಡಿತು. ಶಿಷ್ಯನಿಂದ ಗುರು ಪಾಠ ಕಲಿತಂತಾಯಿತು!

'ಡ' ಹೋಗಿ 'ಟ' ಬಂತು

ಕಿಚಿರೊಗೆ ಮಗ್ಗಕ್ಕಿಂತ ಮೋಟಾರಿನ ಮೇಲೆ ಒಲವು. ಮಗ್ಗದ ಕಾರ್ಖಾನೆಯಲ್ಲೇ 1933ರಲ್ಲಿ ಮೋಟಾರು ವಿಭಾಗ ಶುರುವಾಯಿತು. 1935ರಲ್ಲಿ ಹೊರಬಂದ ಮೊದಲ ಲಾರಿಗಳು ಪದೇ ಪದೇ ಕೆಡುತ್ತಿದ್ದವು. ಇವತ್ತು 'ಕೆಡೋದಿಲ್ಲ' ಎಂದು ಹೊಗಳಿಸಿಕೊಳ್ಳುವ ಕಂಪನಿಯ ಆರಂಭ ಹಾಗಿತ್ತು. 1936ರಲ್ಲಿ ಮೊದಲ ಕಾರು ಮಾರಾಟಕ್ಕೆ ಬಂತು. 1937ರಲ್ಲಿ ಮೋಟಾರು ಕಂಪನಿ ಬೇರೆಯಾಗಿ ನಿಂತಿತು.

ಮನೆತನದ ಹೆಸರು ಟೊಯೊಡಾ. ಕಂಪನಿಯ ಹೆಸರು ಟೊಯೊಟಾ. ಈ ವ್ಯತ್ಯಾಸ ಏಕೆ? ಜಪಾನಿನ ಲಿಪಿಯಲ್ಲಿ 'ತ'ಕಾರದ ಅಕ್ಷರಕ್ಕೆ ಮೇಲೆ ಎರಡು ಪುಟ್ಟ ಗೀಟು ಹಾಕಿದರೆ 'ದ'ಕಾರವಾಗುತ್ತದೆ. ಆ ಎರಡು ಗೀಟುಗಳನ್ನು ಬಿಟ್ಟರೆ ಹೆಸರನ್ನು ಬರೆಯಲು ಒಟ್ಟು ಎಂಟು ಗೀಟು ಸಾಕು. ಜಪಾನೀಯರಿಗೆ ಎಂಟು ಶುಭ ಸಂಖ್ಯೆ. ಕೇಳಲೂ ಬರೆಯಲೂ ಸುಲಭ ಎಂದು ಆ ಹೆಸರನ್ನೇ ಆರಿಸಿದರು.

ಎರಡನೇ ಮಹಾಯುದ್ಧದ ನಂತರ ಕಂಪನಿ ಮುಳುಗುವ ಸ್ಥಿತಿಗೆ ಬಂತು. 1950ರಲ್ಲಿ ಸಾವಿರಕ್ಕೂ ಹೆಚ್ಚು ಕೆಲಸಗಾರರನ್ನು ತೆಗೆಯಬೇಕಾಯಿತು. ಮುಷ್ಕರ ನಡೆಯಿತು. ಕಿಚಿರೊ ಅಧ್ಯಕ್ಷ ಪದವಿಗೆ ರಾಜೀನಾಮೆ ಕೊಟ್ಟರು. ಕೈಯಲ್ಲಿ ಹಣವಿಲ್ಲ, ದಾಸ್ತಾನು ತುಂಬಿಡಲು ಸಾಧ್ಯವಿಲ್ಲ. ಈ ಕಷ್ಟದಲ್ಲಿ ಕಂಪನಿಯ ಎಂಜಿನಿಯರ್ ತೈಚಿ ಓನೊ ಮತ್ತು ಜೊತೆಗಾರರು ಒಂದು ಕ್ರಮವನ್ನು ಬೆಳೆಸಿದರು.

ಅದು ಹೇಗೆಂದು ತಿಳಿಯಲು ಬಸವನಗುಡಿಯ ಯಾವುದಾದರೂ ದರ್ಶಿನಿ ಹೋಟೆಲನ್ನು ನೆನೆಸಿಕೊಳ್ಳಿ. ಗಲ್ಲಾದಲ್ಲಿ ದುಡ್ಡು ಕೊಟ್ಟರೆ ಚೀಟಿ ಸಿಗುತ್ತದೆ. ಚೀಟಿಯನ್ನು ದೋಸೆ ಹಾಕುವವರ ಮುಂದೆ ಇಟ್ಟರೆ ಕಾವಲಿಯ ಮೇಲೆ ಹಿಟ್ಟು ಬೀಳುತ್ತದೆ. ಬೆಳಿಗ್ಗೆಯೇ ಐನೂರು ದೋಸೆ ಹಾಕಿ ಗುಡ್ಡೆ ಮಾಡಿಟ್ಟರೆ ಏನಾಗುತ್ತದೆ? ಆರಿ ಹೋಗುತ್ತವೆ. ಹಿಟ್ಟಿಗೆ ಉಪ್ಪು ಹೆಚ್ಚಾಗಿದ್ದರೆ ಐನೂರೂ ದಂಡ. ಬೇಕಾದಾಗ ಬೇಕಾದಷ್ಟೇ ಹಾಕಿದರೆ ಮೊದಲ ಗಿರಾಕಿಯೇ ಉಪ್ಪಿನ ವಿಷಯ ಹೇಳಿಬಿಡುತ್ತಾರೆ. ಟೊಯೊಟಾ ಕಾರ್ಖಾನೆಯಲ್ಲೂ ಇಂಥ ಚೀಟಿ ಉಂಟು. ಅದರ ಹೆಸರು ಕಾನ್‌ಬಾನ್. ಬಿಡಿಭಾಗದ ಪೆಟ್ಟಿಗೆಯಿಂದ ಭಾಗಗಳನ್ನು ತೆಗೆದುಕೊಂಡಾಗ ಅದರ ಚೀಟಿ ಹಿಂದಕ್ಕೆ ಹೋಗುತ್ತದೆ. ಚೀಟಿ ಬಂದರೆ ಮಾತ್ರ ಹೊಸ ಭಾಗಗಳು ತಯಾರು.

ಇನ್ನೊಂದು ಏರ್ಪಾಡು ನೇರವಾಗಿ ಸಾಕಿಚಿಯ ಮಗ್ಗದಿಂದಲೇ ಬಂದದ್ದು. ಕಾರುಗಳು ಸಾಲಾಗಿ ಚಲಿಸುತ್ತಿರುತ್ತವೆ. ಕೆಲಸಗಾರರ ತಲೆಯ ಮೇಲೆ ಒಂದು ಹಗ್ಗ ಹಾದು ಹೋಗಿರುತ್ತದೆ. ಬೋಲ್ಟು ಸರಿಯಾಗಿ ಕೂರಲಿಲ್ಲವೇ? ಬಾಗಿಲು ಒರಟಾಗಿ ಮುಚ್ಚುತ್ತಿದೆಯೇ? ಕೆಲಸಗಾರ ಹಗ್ಗ ಎಳೆಯಬೇಕು. ದೀಪ ಹತ್ತುತ್ತದೆ, ಮೇಲ್ವಿಚಾರಕ ಓಡಿ ಬರುತ್ತಾರೆ. ನಿಗದಿತ ಗೆರೆ ಮುಟ್ಟುವಷ್ಟರಲ್ಲಿ ತಪ್ಪು ಸರಿಯಾಗದಿದ್ದರೆ ಇಡೀ ಸಾಲು ನಿಲ್ಲುತ್ತದೆ. ಬೇರೆ ಕಂಪನಿಗಳು ಆಗ ಸಾಲು ನಿಲ್ಲಿಸುವುದನ್ನು ಅಪರಾಧದಂತೆ ಕಾಣುತ್ತಿದ್ದವು. ತಪ್ಪಿದ್ದರೆ ಕೊನೆಯಲ್ಲಿ ನೋಡೋಣ ಎನ್ನುತ್ತಿದ್ದವು. ಆದರೆ ಒಳಗಿನ ಬೋಲ್ಟಿನ ಮೇಲೆ ಹತ್ತು ಭಾಗ ಜೋಡಿಸಿದ ಮೇಲೆ ತಪ್ಪು ಕಾಣುವುದಾದರೂ ಹೇಗೆ?

ಹೆಸರು ಮಾತ್ರ ಒಂದೇ ದಿನದಲ್ಲಿ ಬರಲಿಲ್ಲ. 1957ರಲ್ಲಿ ಕ್ರೌನ್ ಎಂಬ ಕಾರನ್ನು ಅಮೆರಿಕಕ್ಕೆ ಕಳುಹಿಸಿದರು. ಅಲ್ಲಿನ ಹೆದ್ದಾರಿಗಳ ವೇಗಕ್ಕೆ ಅದು ಏದುಸಿರು ಬಿಟ್ಟಿತು. ಎಂಜಿನ್ನಿನ ಶಕ್ತಿ ಸಾಲದಾಯಿತು. 1960ರ ಕೊನೆಗೆ ಆ ಮಾರಾಟವನ್ನೇ ನಿಲ್ಲಿಸಿ, ಸುಧಾರಿಸಿದ ಕಾರಿನೊಂದಿಗೆ ಮತ್ತೆ ಹೋದರು. 1966ರಲ್ಲಿ ಬಂದ ಕೊರೊಲಾ ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಕಾರಿನ ಹೆಸರು. 2021ರ ಹೊತ್ತಿಗೆ 5 ಕೋಟಿ ದಾಟಿತ್ತು.

ಬಿಡದಿಗೆ ಬಂದದ್ದು

ಟೊಯೊಟಾ ಬಳಗ ಬೆಂಗಳೂರಿಗೆ ಬಂದದ್ದು ಮೊದಲು ಕಾರಿನೊಂದಿಗಲ್ಲ, ನೂಲಿನೊಂದಿಗೇ. 1995ರಲ್ಲಿ ಕಿರ್ಲೋಸ್ಕರ್ ಜೊತೆಗೂಡಿ ಜಿಗಣಿಯಲ್ಲಿ ನೂಲುವ ಯಂತ್ರಗಳ ಕಂಪನಿ ಆರಂಭವಾಯಿತು. ಕಿರ್ಲೋಸ್ಕರ್ ಹೆಸರು ಕನ್ನಡಿಗರಿಗೆ ಹೊಸದಲ್ಲ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, ಆಮೇಲೆ ಕಬ್ಬಿಣದ ನೇಗಿಲು ಮಾಡಿದವರು. ಅವರ ಮನೆತನದ ಲೇತ್ ಯಂತ್ರಗಳ ಕಾರ್ಖಾನೆ 1941ರಲ್ಲಿ ಹರಿಹರದಲ್ಲಿ ಆರಂಭವಾಯಿತು. ಜಪಾನಿನಲ್ಲಿ ಮಗ್ಗ, ನಮ್ಮಲ್ಲಿ ನೇಗಿಲು. ಇಬ್ಬರೂ ಹೆಚ್ಚುಕಡಿಮೆ ಒಂದೇ ಕಾಲದವರು.

1997ರಲ್ಲಿ ಟೊಯೊಟಾ ಕಿರ್ಲೋಸ್ಕರ್ ಮೋಟಾರ್ ಕಂಪನಿ ಸ್ಥಾಪನೆಯಾಯಿತು. 1999ರ ಡಿಸೆಂಬರಿನಲ್ಲಿ ಬಿಡದಿಯಲ್ಲಿ ತಯಾರಿಕೆ ಶುರುವಾಗಿ, 2000ದ ಜನವರಿಯಲ್ಲಿ ಕ್ವಾಲಿಸ್ ಬಂತು. ಅದರ ಮೂಲ ಇಂಡೊನೇಷ್ಯಾದ ಕಿಜಾಂಗ್ ಎಂಬ ವಾಹನ. ಅಲ್ಲಿನ ಭಾಷೆಯಲ್ಲಿ ಕಿಜಾಂಗ್ ಎಂದರೆ ಜಿಂಕೆ. ನೋಡಲು ಮಾತ್ರ ಕ್ವಾಲಿಸ್ ಜಿಂಕೆಯಂತಿರಲಿಲ್ಲ, ಪೆಟ್ಟಿಗೆಯಂತಿತ್ತು. ಹಳೇ ಆಕಾರ ಎಂದು ಮೂಗು ಮುರಿದವರೂ ಇದ್ದರು. ಆದರೂ ಟ್ಯಾಕ್ಸಿಯವರು ಅದನ್ನು ಮೆಚ್ಚಿದರು. ರಾತ್ರಿ ಪಾಳಿಯ ಕಾಲ್‌ಸೆಂಟರ್ ನೌಕರರನ್ನು ಮನೆಮನೆಯಿಂದ ಕರೆತರುವ ವಾಹನವೆಂದರೆ ಆ ದಿನಗಳಲ್ಲಿ ಬೆಂಗಳೂರಿನಲ್ಲಿ ಕ್ವಾಲಿಸ್ ಎಂದೇ ಅರ್ಥ.

ಮೆಚ್ಚುಗೆಗೆ ಒಂದು ಕಾರಣ ಅದರ ಅಡಿಯಲ್ಲಿತ್ತು. ಹೆಚ್ಚಿನ ಕಾರುಗಳಲ್ಲಿ ಮೊಟ್ಟೆಯ ಚಿಪ್ಪಿನಂತೆ ಹೊರಮೈಯೇ ಭಾರ ಹೊರುತ್ತದೆ. ಕ್ವಾಲಿಸ್‌ಗೆ ಲಾರಿಗೆ ಇರುವಂತೆ ಏಣಿಯಾಕಾರದ ಉಕ್ಕಿನ ಚೌಕಟ್ಟು ಇತ್ತು. ಎಂಜಿನ್, ಚಕ್ರ, ಮೈ ಎಲ್ಲವೂ ಅದಕ್ಕೆ ಬಿಗಿದಿದ್ದವು. ತೂಕ ಹೆಚ್ಚು, ಡೀಸೆಲ್ ಹೆಚ್ಚು ಬೇಕು. ಆದರೆ ಹತ್ತು ಜನರನ್ನೂ ಮೂಟೆಗಳನ್ನೂ ಹೊತ್ತು ಗುಂಡಿ ರಸ್ತೆಯಲ್ಲಿ ಓಡಲು ಏಣಿಯೇ ವಾಸಿ. 2005ರಲ್ಲಿ ಕ್ವಾಲಿಸ್ ನಿಲ್ಲಿಸಿ ತಂದ ಇನ್ನೋವಾಕ್ಕೂ ಏಣಿಯೇ ಇತ್ತು. 2022ರಲ್ಲಿ ಪರಿಚಯಿಸಿದ ಹೈಕ್ರಾಸ್ ಮಾದರಿ ಮಾತ್ರ ಚಿಪ್ಪಿನ ಜಾತಿಗೆ ಸೇರಿದ್ದು.

ಹಗ್ಗ ಎಳೆಯಲು ಬಿಡುವ ಕಾರ್ಖಾನೆಯಲ್ಲೂ ಕೆಲಸ ಹಗುರವಲ್ಲ. ಪ್ರತಿ ಹೆಜ್ಜೆಗೂ ಸೆಕೆಂಡುಗಳ ಲೆಕ್ಕವಿರುತ್ತದೆ. 2020ರ ನವೆಂಬರಿನಲ್ಲಿ ಬಿಡದಿಯಲ್ಲಿ ಒಬ್ಬ ಕಾರ್ಮಿಕರ ಅಮಾನತಿನಿಂದ ಶುರುವಾದ ಮುಷ್ಕರ, ಲಾಕೌಟ್ ತಿಂಗಳುಗಳವರೆಗೆ ಎಳೆಯಿತು. ಕೆಲಸದ ಹೊರೆ ಹೆಚ್ಚಾಗಿದೆ ಎಂಬ ದೂರೂ ಅದರಲ್ಲಿ ಸೇರಿತ್ತು.

ನಿಲ್ಲಿಸದೆ ಹೋದಾಗ

2009 ಮತ್ತು 2010ರಲ್ಲಿ ಟೊಯೊಟಾ ಹೆಸರಿಗೆ ದೊಡ್ಡ ಪೆಟ್ಟು ಬಿತ್ತು. ಅಮೆರಿಕದಲ್ಲಿ ಕೆಲವು ಕಾರುಗಳು ಚಾಲಕರ ಹಿಡಿತ ತಪ್ಪಿ ಓಡಿದವು. ಒಂದು ಅಪಘಾತದಲ್ಲಿ ನಾಲ್ವರು ಸತ್ತರು. ಕಾರಣಗಳು ನೋಡಲು ಸಣ್ಣವು. ಕಾಲಡಿಯ ಮ್ಯಾಟ್ ಜಾರಿ ಆಕ್ಸಿಲರೇಟರ್ ಪೆಡಲಿಗೆ ಸಿಕ್ಕಿಕೊಳ್ಳುತ್ತಿತ್ತು. ಕೆಲವು ಕಾರುಗಳಲ್ಲಿ ಒತ್ತಿದ ಪೆಡಲ್ ಬೇಗ ಮೇಲೆ ಬರುತ್ತಿರಲಿಲ್ಲ. ಕಾರಿನ ಎಲೆಕ್ಟ್ರಾನಿಕ್ಸ್ ಕೆಟ್ಟಿರಬಹುದೇ ಎಂದು ನಾಸಾ ಸಂಸ್ಥೆಯ ಎಂಜಿನಿಯರುಗಳೂ ಪರೀಕ್ಷಿಸಿದರು. ಅಂಥ ದೋಷ ಸಿಗಲಿಲ್ಲ ಎಂದು 2011ರಲ್ಲಿ ವರದಿ ಬಂತು. ಅಷ್ಟರಲ್ಲಿ ಜಗತ್ತಿನಾದ್ಯಂತ 80 ಲಕ್ಷಕ್ಕೂ ಹೆಚ್ಚು ಕಾರುಗಳನ್ನು ದುರಸ್ತಿಗೆ ಹಿಂದಕ್ಕೆ ಕರೆಯಬೇಕಾಗಿತ್ತು. ಕಿಚಿರೊ ಅವರ ಮೊಮ್ಮಗ, ಆಗಿನ ಅಧ್ಯಕ್ಷ ಅಕಿಯೊ ಟೊಯೊಡಾ 2010ರ ಫೆಬ್ರವರಿಯಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಕ್ಷಮೆ ಕೇಳಿದರು. ಕಂಪನಿ ತೀರಾ ವೇಗವಾಗಿ ಬೆಳೆಯಿತು ಎಂದು ಒಪ್ಪಿಕೊಂಡರು. ತೊಂದರೆಯ ಬಗ್ಗೆ ಗ್ರಾಹಕರಿಗೆ ದಾರಿ ತಪ್ಪಿಸುವ ಮಾಹಿತಿ ಕೊಟ್ಟದ್ದಕ್ಕಾಗಿ 2014ರಲ್ಲಿ 120 ಕೋಟಿ ಡಾಲರ್ ದಂಡ ತೆರಬೇಕಾಯಿತು. ನನ್ನ ಮಟ್ಟಿಗೆ ಮ್ಯಾಟ್ ಜಾರಿದ್ದಕ್ಕಿಂತ ಇದೇ ದೊಡ್ಡ ತಪ್ಪು.

2024ರ ಜನವರಿಯಲ್ಲಿ ಇನ್ನೊಂದು ಸುದ್ದಿ ಬಂತು. ಡೀಸೆಲ್ ಎಂಜಿನ್ನುಗಳ ಶಕ್ತಿ ಅಳೆಯುವ ಸರ್ಕಾರಿ ಪರೀಕ್ಷೆಯಲ್ಲಿ, ಮಾರಾಟದ ಎಂಜಿನ್ನುಗಳಲ್ಲಿ ಇಲ್ಲದ ಬೇರೆ ತಂತ್ರಾಂಶ ಬಳಸಿ ಫಲಿತಾಂಶ ಚೆನ್ನಾಗಿ ಕಾಣುವಂತೆ ಮಾಡಲಾಗಿತ್ತು. ಮಾಡಿದ್ದು ಯಾರು ಗೊತ್ತೇ? ಸಾಕಿಚಿಯ ಮಗ್ಗಗಳನ್ನು ತಯಾರಿಸಲೆಂದೇ 1926ರಲ್ಲಿ ಹುಟ್ಟಿದ, ಈಗ ಟೊಯೊಟಾ ಇಂಡಸ್ಟ್ರೀಸ್ ಎನ್ನಿಸಿಕೊಳ್ಳುವ ಕಂಪನಿಯೇ! ಇದರಿಂದಾಗಿ ಇನ್ನೋವಾ ಕ್ರಿಸ್ಟಾ ಸೇರಿ ಮೂರು ಮಾದರಿಗಳನ್ನು ಭಾರತದಲ್ಲಿ ಮಾರಾಟಗಾರರಿಗೆ ಕಳುಹಿಸುವುದನ್ನು ತಾತ್ಕಾಲಿಕವಾಗಿ ನಿಲ್ಲಿಸಿದರು. ಫೆಬ್ರವರಿಯಲ್ಲಿ ಮತ್ತೆ ಆರಂಭಿಸಿದರು.

ಮಾಡಿ ನೋಡಿ

ಎರಡು ಕುರ್ಚಿಗಳ ನಡುವೆ ಹತ್ತು ದಾರಗಳನ್ನು ಹತ್ತಿರ ಹತ್ತಿರ ಬಿಗಿಯಾಗಿ ಕಟ್ಟಿ. ಎಲ್ಲರೂ ಬೆನ್ನು ತಿರುಗಿಸಿ ನಿಲ್ಲಿ. ಶಿಕ್ಷಕರು ಯಾವುದಾದರೂ ಒಂದು ದಾರವನ್ನು ಸದ್ದಿಲ್ಲದೆ ಕತ್ತರಿಸಲಿ. ಯಾವಾಗ ಕತ್ತರಿಸಿದರೆಂದು ನಿಮಗೆ ತಿಳಿಯಿತೇ? ಈಗ ದಾರವನ್ನು ಮತ್ತೆ ಕಟ್ಟಿ, ಪ್ರತಿ ದಾರದ ಮೇಲೂ ಒಂದೊಂದು ಹೇರ್‌ಪಿನ್ನನ್ನು ನೇತು ಹಾಕಿ. ಅವುಗಳ ಅಡಿಯಲ್ಲಿ ನೆಲದ ಮೇಲೆ ಊಟದ ಸ್ಟೀಲ್ ತಟ್ಟೆ ಇಡಿ. ಮತ್ತೊಮ್ಮೆ ಬೆನ್ನು ತಿರುಗಿಸಿ ನಿಲ್ಲಿ. ದಾರ ಕತ್ತರಿಸಿದ ಕೂಡಲೇ ಏನು ಕೇಳಿಸಿತು?

ಈಚಿನ ಮಗ್ಗಗಳಲ್ಲಿ ಬೀಳುವ ಪಟ್ಟಿ ವಿದ್ಯುತ್ ಮಂಡಲವನ್ನು ಪೂರ್ಣಗೊಳಿಸಿ ಮೋಟಾರನ್ನು ನಿಲ್ಲಿಸುತ್ತದೆ. ಒಂದು ಟಾರ್ಚ್ ಸೆಲ್, ಒಂದು ಪುಟ್ಟ ಬಲ್ಬ್, ಎರಡು ವೈರಿನ ತುಂಡುಗಳು ಮತ್ತು ಸಿಗರೇಟು ಪೊಟ್ಟಣದ ಬೆಳ್ಳಿ ಬಣ್ಣದ ಹಾಳೆಯನ್ನು ಬಳಸಿ, ಪಿನ್ನು ಬಿದ್ದರೆ ದೀಪ ಹತ್ತುವಂತೆ ಮಾಡಬಹುದೇ? ಪಿನ್ನಿನ ಮೇಲೆ ಬಣ್ಣ ಬಳಿದಿದ್ದರೆ ಅದನ್ನು ಮೊದಲು ಕೆರೆಯಬೇಕು. ಏಕೆಂದು ಯೋಚಿಸಿ.